ಸಣ್ಣೀರಿಯ ಸ್ಪ್ಯಾನರ್ ಚೀಲ

ಬಹಳ ಬಹಳ ಹಿಂದೆ, ಬೆಟ್ಟಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಗುಡುಗನಪುರ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಹುಡುಕಿದರೂ ಒಂದು ಕುದುರೆ ಇರಲಿಲ್ಲ. ರಾಜನ ಓಲೆಕಾರರೆಲ್ಲ ಓಡಾಡುತ್ತಿದ್ದದ್ದು ಮೋಟಾರ್ ಬೈಕಿನ ಮೇಲೆ. ಪೆಟ್ರೋಲು ಬೇಕಾದರೆ ಊರ ಮುಂದಿನ ಬಾವಿಯಿಂದ ಕೊಡದಲ್ಲಿ ಸೇದಿಕೊಳ್ಳುತ್ತಿದ್ದರು. ಬೆಳಗ್ಗೆ ಗಾಡಿಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆದವು ಅಂದರೆ, ಯಾರೋ ನಮ್ಮನ್ನೇ ಕರೆದರು ಅಂದುಕೊಂಡು ಮೋಡಗಳು ಓಡಿಬರುತ್ತಿದ್ದವು. ಸುಳ್ಳಲ್ಲ, ಅಲ್ಲಿ ಮಳೆ ಬರುತ್ತಿದ್ದದ್ದೇ ಹಾಗೆ.

ಓಲೆಕಾರರಲ್ಲೆಲ್ಲ ಗಟ್ಟಿಗಿತ್ತಿ ದೇವೀರಮ್ಮ. ಅವಳು ಗಾಡಿ ಬಿಟ್ಟಳೆಂದರೆ ಅವಳ ನೆರಳು ಅರ್ಧ ದಾರಿಯಲ್ಲಿ ಸುಸ್ತಾಗಿ ಮರದ ಕೆಳಗೆ ಕೂತುಬಿಡುತ್ತಿತ್ತು. ಅವಳ ತಂಗಿ ಸಣ್ಣೀರಿ ಈಗಿನ್ನೂ ಗಾಡಿ ಕಲಿತವಳು. ಗೇರು ಹಾಕುವಾಗ ಬಗ್ಗಿ ಕಾಲು ನೋಡುತ್ತಿದ್ದಳು. ಬ್ರೇಕು ಹಿಡಿಯುವಾಗ ಕಣ್ಣು ಮುಚ್ಚುತ್ತಿದ್ದಳು.

ಊರಾಚೆಯ ಗವಿಯಲ್ಲಿ ಕಿಲುಬಯ್ಯ ಅಂತ ಒಬ್ಬ ಮಾಂತ್ರಿಕನಿದ್ದ. ಅವನು ಸಿಟ್ಟಿನಲ್ಲಿ ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತಿತ್ತು. ಗಾಡಿಗಳ ಸದ್ದಿಗೆ ತನ್ನ ನಿದ್ದೆ ಕೆಡುತ್ತದೆ ಅಂತ ಒಂದು ಬೆಳಗ್ಗೆ ಸಿಟ್ಟಾಗಿ ಊರಿಗೆ ಇಳಿದುಬಂದ. ಬೀದಿ ಬೀದಿಯಲ್ಲಿ ನಿಂತಿದ್ದ ಗಾಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ. ಅವೆಲ್ಲ ಕೆಂಪು ಪುಡಿಯಾಗಿ ಕುಸಿದು ಬಿದ್ದವು. ಕೊನೆಗೆ ದೇವೀರಮ್ಮನ ಅಂಗಳಕ್ಕೆ ಬಂದ. ಅವಳು ಗಾಡಿಗೆ ಅಡ್ಡ ನಿಂತಳು.

"ಮುಟ್ಟೋದಾದ್ರೆ ನನ್ನ ಮುಟ್ಟು, ಗಾಡಿ ಮುಟ್ಟಬೇಡ."

ಕಿಲುಬಯ್ಯ ಅವಳ ಕಾಲನ್ನೇ ಮುಟ್ಟಿದ. ಅವಳ ಪಾದ ಕಬ್ಬಿಣವಾಯಿತು. ಬೆರಳಿನಿಂದ ಮೇಲಕ್ಕೆ ತುಕ್ಕು ಹತ್ತತೊಡಗಿತು.

"ಹೊತ್ತು ಮುಳುಗೋದ್ರೊಳಗೆ ಮೂಗಿಗೆ ಬರುತ್ತೆ," ಅಂತ ನಕ್ಕ. "ಬೆಳ್ಳಿಹೊಂಡದ ನೀರು ಸುರಿದ್ರೆ ಬಿಡುತ್ತೆ. ಅಷ್ಟು ದೂರ ಹೋಗಿ ಬರೋ ಗಂಡಸರ ಗಾಡಿಯೆಲ್ಲ ಪುಡಿಯಾಯ್ತು. ಇವಳು ಹೋಗ್ತಾಳಾ, ಈ ಕಣ್ಣುಮುಚ್ಚಿ?" ಅಂತ ಬಾಗಿಲಲ್ಲಿ ನಿಂತಿದ್ದ ಸಣ್ಣೀರಿಯ ಕಡೆ ಗಡ್ಡ ಆಡಿಸಿ ಹೊರಟುಹೋದ.

ಸಣ್ಣೀರಿ ಅತ್ತುಕೊಂಡು ಅರಮನೆ ಉಗ್ರಾಣಕ್ಕೆ ಓಡಿದಳು. ಬೆಳ್ಳಿಹೊಂಡದ ದಾರಿ ಕೆಟ್ಟದ್ದು. ಗಾಡಿ ಕೆಟ್ಟರೆ ನೋಡುವವರಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಗೋಣಿಗೆ ತುಂಬಿದಳು. ಸುತ್ತಿಗೆ, ಗರಗಸ, ಹಾರೆ, ಆನೆಯ ಸರಪಳಿ ಬಿಚ್ಚುವ ಇಕ್ಕುಳ, ಹೊಳೆಯುವ ಸ್ಪ್ಯಾನರ್ ಒಂದು ರಾಶಿ. ಗೋಣಿ ತಂದು ಉಳಿದಿದ್ದ ಅಕ್ಕನ ಗಾಡಿಯ ಹಿಂದೆ ಕಟ್ಟಿದ್ದೇ ತಡ, ಮುಂದಿನ ಚಕ್ರ ಎದ್ದು ಮನೆಯ ಸೂರು ಮುಟ್ಟಿತು.

ತುಕ್ಕು ಮೊಣಕಾಲಿಗೆ ಬಂದಿದ್ದ ದೇವೀರಮ್ಮ ನಿಂತಲ್ಲಿಂದಲೇ ಕೇಳಿದಳು: "ಇದೇನೇ, ಕುಲುಮೆನೇ ಹೊತ್ಕೊಂಡು ಬಂದೆ? ಮದುವೆ ಮಾಡಿಕೊಡೋವಾಗ ನಿಂಗೆ ಕಮ್ಮಾರನ್ನೇ ಹುಡುಕ್ತೀನಿ."

"ಏನು ಬೇಕಾಗುತ್ತೋ ಗೊತ್ತಿಲ್ವಲ್ಲಕ್ಕ."

"ನಿಂಗೆ ಗೊತ್ತಿಲ್ಲ, ಗಾಡಿಗೆ ಗೊತ್ತು. ಅದನ್ನ ಕೇಳು. ಗೋಣಿ ಸುರಿ. ಒಂದೊಂದು ಸ್ಪ್ಯಾನರನ್ನೂ ಗಾಡಿ ಬೋಲ್ಟಿಗೆ ಕೊಟ್ಟು ನೋಡು. ಕೂತದ್ದು ನಿಂದು. ಕೂರದ್ದು ಎಷ್ಟು ಹೊಳೆದ್ರೂ ಬೇರೆಯವರದ್ದು."

ಸಣ್ಣೀರಿ ಹಾಗೇ ಮಾಡಿದಳು. ರಾಶಿಯಲ್ಲಿ ಕೂತದ್ದು ಒಂದು ಹಿಡಿ ಮಾತ್ರ. ಅದಕ್ಕೆ ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್ ಸೇರಿತು. ಟಯರ್ ಎಬ್ಬಿಸುವ ಎರಡು ಪಟ್ಟಿ, ಪಂಚರ್ ತೇಪೆ, ಕೈಪಂಪು, ಮಸಿ ಉಜ್ಜಲು ಒಂದು ತುಂಡು ಉಪ್ಪುಕಾಗದ ಬಂದವು. "ಹಳೆ ಸೀರೆ ಚೂರು ಹಾಕ್ಕೊ, ಕೈ ಒರೆಸೋಕೆ," ಅಂದಳು ಅಕ್ಕ. ಆಮೇಲೆ ಚಕ್ರ ಬಿಚ್ಚಿಸಿ ಕಟ್ಟಿಸಿದಳು, ಪ್ಲಗ್ಗು ಬಿಚ್ಚಿಸಿ ಹಾಕಿಸಿದಳು. "ಇಲ್ಲಿ ಕಲಿತರೆ ನಾನು ಬೈತೀನಿ, ಅಷ್ಟೆ. ಅಲ್ಲಿ ಕಲಿಯೋಕೆ ಹೋದ್ರೆ ಹೊತ್ತು ಹೋಗುತ್ತೆ."

ಎಲ್ಲ ಸೇರಿ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಚೀಲವಾಯಿತು. ಅಷ್ಟರಲ್ಲಿ ತುಕ್ಕು ಅಕ್ಕನ ತೊಡೆಗೆ ಬಂದಿತ್ತು. ಸಣ್ಣೀರಿ ಹೊರಟಳು, ಈ ಸಲ ಕಣ್ಣು ಬಿಟ್ಟುಕೊಂಡೇ.

ಮೊದಲನೇ ಗುಡ್ಡದಲ್ಲಿ ಗುಡಿಸಲಷ್ಟು ದೊಡ್ಡ ಮುಳ್ಳುಹಂದಿ ದಾರಿ ಕಾಯುತ್ತಿತ್ತು. ಮೈ ಕೊಡವಿತು ನೋಡಿ, ಈಟಿಯಂಥ ಮುಳ್ಳು ಬಂದು ಹಿಂದಿನ ಟಯರಿಗೆ ನೆಟ್ಟಿತು. ಗಾಡಿ ಪುಸ್ ಅಂತ ಕೂತಿತು. ಮುಳ್ಳುಹಂದಿ ಹತ್ತಿರ ಬಂದು ಮೂಸಿತು.

"ಗಾಡಿ ಕೆಟ್ಟಾಗ ಅಳೋರನ್ನ ತಿನ್ನು ಅಂತ ಕಿಲುಬಯ್ಯನ ಅಪ್ಪಣೆ. ಯಾವಾಗ ಅಳ್ತೀಯ?"

"ಕೈಯಲ್ಲಿ ಕೆಲಸ ಇದೆಯಪ್ಪ, ಸ್ವಲ್ಪ ಆ ಕಡೆ ಕೂತ್ಕೊ. ಬೆಳಕು ಅಡ್ಡ ಆಗ್ತಿದೆ," ಅಂದಳು ಸಣ್ಣೀರಿ.

ಹಾಗಂದಳೇ ಹೊರತು ಎದೆ ಡವಗುಟ್ಟುತ್ತಿತ್ತು. ಚಕ್ರ ಬಿಚ್ಚಿದಳು, ಪಟ್ಟಿ ಕೊಟ್ಟು ಟಯರ್ ಎಬ್ಬಿಸಿದಳು, ತೂತು ಹುಡುಕಿ ತೇಪೆ ಹಾಕಿದಳು. ಪಂಪು ಹೊಡೆಯುವಾಗ ತೋಳು ಸೋತು ಕಣ್ಣು ಮಂಜಾಯಿತು.

"ಕೆನ್ನೆ ಮೇಲೆ ಇಳೀತಿರೋದು ಏನದು?" ಮುಳ್ಳುಹಂದಿ ಬಾಯಿ ತೆರೆಯಿತು.

"ಬೆವರು. ಬೇಕಾದ್ರೆ ನೀನೂ ನಾಲ್ಕು ಸಲ ಪಂಪು ಹೊಡಿ, ನಿಂಗೂ ಬರುತ್ತೆ."

ಮುಳ್ಳುಹಂದಿ ಹೊಡೆಯಿತು. ಹದಿನಾರು ಎತ್ತಿನ ಬಲ ಅದಕ್ಕೆ, ಟಯರು ಕಲ್ಲಿನಂತಾಯಿತು. ಅದರ ಮೂತಿಯ ಮೇಲೂ ಬೆವರು ಇಳಿಯಿತು. "ಹೌದು, ಬೆವರೇ," ಅಂತ ಒಪ್ಪಿಕೊಂಡು ದಾರಿ ಬಿಟ್ಟಿತು. ಸಣ್ಣೀರಿ ಉಸ್ಸಪ್ಪಾ ಅಂತ ಗಾಡಿ ಹತ್ತಿದಳು.

ಎರಡನೇ ಗುಡ್ಡದಲ್ಲಿ ಹೊಗೆಭೂತವೊಂದು ಇಂಜಿನ್ನಿನೊಳಗೆ ನುಗ್ಗಿತು. ಗಾಡಿ ಕೆಮ್ಮಿತು, ಕಪ್ಪುಹೊಗೆ ಉಗುಳಿತು, ನಿಂತಿತು. ಕಿಕ್ ಹೊಡೆದು ಹೊಡೆದು ಅವಳ ಕಾಲು ಉಳುಕಿತು. ಆಗ ಪ್ಲಗ್ಗಿನ ನೆನಪಾಯಿತು. ಹೊಸಬಳಲ್ಲವೇ, ಬರಿಗೈ ಹಾಕಿ ಬೆರಳು ಸುಟ್ಟುಕೊಂಡಳು. ಸೀರೆ ಚೂರು ಸುತ್ತಿಕೊಂಡು ಬಿಚ್ಚಿದಳು. ಪ್ಲಗ್ಗಿನ ಬಾಯಲ್ಲಿ ಭೂತ ಮಸಿಯಾಗಿ ಅಂಟಿಕೊಂಡು ಕೂತಿತ್ತು.

"ನಾನು ಬರಲ್ಲ," ಅಂದಿತು.

ಅವಳು ಉಪ್ಪುಕಾಗದ ತೆಗೆದು ಉಜ್ಜಿದಳು. ಭೂತಕ್ಕೆ ಕಚಗುಳಿಯಾಗಿ ಕಿಲಕಿಲ ನಕ್ಕಿತು, ಆಮೇಲೆ ಒಂದು ಸೀನು ಸೀನಿತು. ಆ ಸೀನಿಗೆ ತಾನೇ ಹಾರಿ ಮೂರು ಊರಾಚೆ ಬಿತ್ತು. ಪ್ಲಗ್ಗು ಹಾಕಿ ಒಂದು ಕಿಕ್ ಹೊಡೆದರೆ ಗಾಡಿ ಗುಡುಗಿತು. ಸಣ್ಣೀರಿಯ ಜೀವ ಮತ್ತೆ ಬಂದ ಹಾಗಾಯಿತು.

ಮೂರನೇ ಗುಡ್ಡ ಹತ್ತಿದಳು. ಕೆಳಗೆ ಬೆಳ್ಳಿಹೊಂಡ ತಟ್ಟೆಯಂತೆ ಹೊಳೆಯುತ್ತಿತ್ತು. ಸೂರ್ಯ ವಾಲಿದ್ದ. ಅಷ್ಟರಲ್ಲಿ ದಾರಿಯಲ್ಲೊಬ್ಬ ಮುದುಕ ನಿಂತುಹೋದ ಗಾಡಿಯ ಪಕ್ಕ ಕೈ ಬೀಸಿದ. ಕೆಟ್ಟು ನಿಂತ ಗಾಡಿಯನ್ನು ದಾಟಿ ಹೋಗಬಾರದು ಅನ್ನುವುದು ಗುಡುಗನಪುರದ ಸವಾರರ ಕಟ್ಟಳೆ. ರಾಜನೇ ಆದರೂ ಇಳಿಯಬೇಕು. ಸಣ್ಣೀರಿಗೆ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಹಲ್ಲು ಕಚ್ಚಿ ಇಳಿದಳು.

"ಏನಾಯ್ತು ತಾತ?"

"ಗೊತ್ತಿಲ್ಲ ಕೂಸೇ. ನನ್ನ ಹತ್ರ ಚಿನ್ನದ ಸ್ಪ್ಯಾನರ್ ಪೆಟ್ಟಿಗೆನೇ ಇದೆ. ಒಂದೂ ಕೂರಲ್ಲ. ನೀನು ನಿಧಾನವಾಗಿ ನೋಡು. ಅವಸರ ಏನಿಲ್ಲ."

ಅವನು ಬೇರೆ ಯಾರೂ ಅಲ್ಲ, ಗಡ್ಡವನ್ನು ನಿಲುವಂಗಿಯೊಳಗೆ ಬಚ್ಚಿಟ್ಟುಕೊಂಡು ವೇಷ ಹಾಕಿದ ಕಿಲುಬಯ್ಯ. ಗಾಡಿಗೆ ಏನೂ ಆಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹೊತ್ತು ಮುಳುಗುವುದು, ಅಷ್ಟೆ.

ಅದು ಅಕ್ಕನ ಗಾಡಿಯ ಜಾತಿಯದ್ದೇ. ಸಣ್ಣೀರಿ ಪ್ಲಗ್ಗು ನೋಡಿದಳು, ಸರಿಯಿತ್ತು. ಚೈನು ನೋಡಿದಳು, ಸರಿಯಿತ್ತು. ಪೆಟ್ರೋಲು ತುಂಬಿತ್ತು.

"ಇಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ರಿ ತಾತ?"

"ಅದನ್ನ ಬದಲಾಯಿಸಬೇಕಾ? ಗಾಡಿ ತಂದಾಗಿಂದ ಹಾಗೇ ಇದೆ. ನೋಡು ಕೂಸೇ, ಅದನ್ನೂ ನೋಡು."

ಈಗ ಕೇಳಿ. ಮಾಂತ್ರಿಕರು ಪ್ರಾಣವನ್ನು ಮೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಬ್ಬ ಗಿಳಿಯಲ್ಲಿ ಬಚ್ಚಿಡುತ್ತಾನೆ, ಒಬ್ಬ ಹುತ್ತದಲ್ಲಿ. ಕಿಲುಬಯ್ಯ ಅವರಿಗಿಂತ ಜಾಣ. ಎಣ್ಣೆ ಕೊಳೆಯಲ್ಲಿ ಯಾರು ಕೈ ಹಾಕುತ್ತಾರೆ ಅಂತ ತನ್ನ ಇಂಜಿನ್ನಿನ ಎಣ್ಣೆಯಲ್ಲಿ ಬಿಟ್ಟು ಬೋಲ್ಟು ಬಿಗಿದಿದ್ದ. ಅದು ಎಷ್ಟು ಹಳೆಯ ಮಾತೆಂದರೆ, ಎಲ್ಲಿಟ್ಟೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಸ್ವಂತ ಗಾಡಿಯನ್ನು ಒಂದು ಸಲವೂ ಬಗ್ಗಿ ನೋಡದವನಿಗೆ ನೆನಪಾದರೂ ಹೇಗಾಗಬೇಕು.

ಸಣ್ಣೀರಿ ಗಾಡಿಯ ಕೆಳಗೆ ಮಲಗಿದಳು. ಚೀಲದ ದೊಡ್ಡ ಸ್ಪ್ಯಾನರ್ ಬೋಲ್ಟಿಗೆ ಸರಿಯಾಗಿ ಕೂತಿತು. ಕಾಲು ಕೊಟ್ಟು ಒದ್ದಳು. ಬೋಲ್ಟು ಕಿರ್ರೆಂದು ಸಡಿಲಾಗಿ ಡಾಂಬರಿನಂಥ ಎಣ್ಣೆ ಇಳಿಯತೊಡಗಿತು.

"ಕೂಸೇ, ಯಾಕೋ ತಲೆ ಸುತ್ತುತ್ತಿದೆ," ಅಂದ ಕಿಲುಬಯ್ಯ.

"ಬಿಸಿಲಿಗೆ ತಾತ. ನೆರಳಲ್ಲಿ ಕೂತ್ಕೊಳ್ಳಿ."

"ಕಾಲಿನಲ್ಲಿ ಶಕ್ತಿನೇ ಇಲ್ಲ."

"ಇನ್ನೊಂದು ಚೂರಿದೆ, ಪೂರಾ ಇಳೀಲಿ. ಆಮೇಲೆ ಎಲ್ಲ ಹಗುರ ಆಗುತ್ತೆ."

ಕೊನೆಯ ತೊಟ್ಟು ಬಿತ್ತು. ಉತ್ತರ ಬರಲಿಲ್ಲ ಅಂತ ತಲೆ ಹೊರಗೆ ಹಾಕಿ ನೋಡಿದರೆ ಮುದುಕನಿಲ್ಲ. ನೆಲದ ಮೇಲೆ ಒಂದು ನಿಲುವಂಗಿ, ಒಂದು ಗಡ್ಡ, ಚಿನ್ನದ ಪೆಟ್ಟಿಗೆ. ಗಡ್ಡ ನೋಡಿದೊಡನೆ ಇವನ್ಯಾರು ಅಂತ ತಿಳಿಯಿತು. ಅವನು ಸತ್ತ, ಆದರೆ ಹಾಕಿದ ಮಾಟ ಬಿಟ್ಟಿತೋ ಇಲ್ಲವೋ? ಯಾಕೆ ಬೇಕು ಅಂತ ಹೊಂಡಕ್ಕಿಳಿದು, ಗಾಡಿಗೆ ಕಟ್ಟಿ ತಂದಿದ್ದ ಸೋರೆಬುರುಡೆಗೆ ನೀರು ತುಂಬಿಕೊಂಡು ಗಾಡಿ ತಿರುಗಿಸಿದಳು. ಸೂರ್ಯನ ಅಂಚು ಗುಡ್ಡ ಮುಟ್ಟಿತ್ತು.

ಎರಡನೇ ಗುಡ್ಡ ಇಳಿಯುವಾಗ ದಾರಿ ಬದಿಯ ಬೇಲಿಗೆ ಹಿಡಿದಿದ್ದ ತುಕ್ಕೆಲ್ಲ ಗಾಳಿಗೆ ಹಾರಿಹೋಗುತ್ತಿತ್ತು. ಮೊದಲನೇ ಗುಡ್ಡದಲ್ಲಿ ಗುಡಿಸಲಷ್ಟಿದ್ದ ಮುಳ್ಳುಹಂದಿ ಅಂಗೈಯಷ್ಟಾಗಿ ಗೆಣಸು ತಿನ್ನುತ್ತಿತ್ತು. ಊರ ಬಾಗಿಲ ಚಿಲಕ ಹೊಸದರಂತೆ ಮಿನುಗಿತು. ಒಂದೊಂದನ್ನು ನೋಡಿದಂತೆಲ್ಲ ಅವಳ ಎದೆಯ ಮೇಲಿನ ಕಲ್ಲು ಒಂದೊಂದಾಗಿ ಉರುಳಿತು. ಆದರೂ ಅಂಗಳ ಕಾಣುವವರೆಗೆ ಉಸಿರು ಪೂರಾ ಬಿಡಲಿಲ್ಲ.

ಅಂಗಳದಲ್ಲಿ ದೇವೀರಮ್ಮ ಸೆರಗು ಸಿಕ್ಕಿಸಿಕೊಂಡು, ಮೈಯಿಂದ ಉದುರಿದ ತುಕ್ಕನ್ನು ಪೊರಕೆಯಿಂದ ಗುಡಿಸುತ್ತಿದ್ದಳು.

"ಬಂದ್ಯಾ? ಗದ್ದದವರೆಗೂ ಬಂದಿತ್ತು ಕಣೇ. ಮಾತಾಡೋಕೆ ಆಗದೆ ಸಾಕಾಗಿಹೋಯ್ತು."

ಸಣ್ಣೀರಿ ಅಕ್ಕನ ಕೊರಳು ತಬ್ಬಿಕೊಂಡಳು. ಕೊರಳು ಬೆಚ್ಚಗಿತ್ತು, ಮೆತ್ತಗಿತ್ತು.

"ನೀರು ತಂದಿದ್ದೀನಿ," ಅಂದಳು.

"ಒಳ್ಳೇದಾಯ್ತು, ಒಲೆ ಮೇಲಿಡು. ಇಬ್ಬರೂ ಸ್ನಾನ ಮಾಡೋಣ. ನಿನ್ನ ಮುಖ ಬಾಣಲೆ ತಳ ಆಗಿದೆ."

ಪುಡಿಯಾದ ಗಾಡಿಗಳೆಲ್ಲ ಮತ್ತೆ ಎದ್ದು ನಿಂತವು. ಮರುದಿನ ಬೆಳಗ್ಗೆ ಗುಡುಗಿದವು, ಮೋಡ ಓಡಿಬಂದವು, ಊರಿಗೆಲ್ಲ ಹದವಾದ ಮಳೆ ಬಿತ್ತು. ಗುಡುಗನಪುರದವರು ಇವತ್ತಿಗೂ ಅಲ್ಲಿ ನಗುನಗುತ್ತ ಓಡಾಡಿಕೊಂಡಿದ್ದಾರೆ. ಅಕ್ಕ ಮುಂದೆ, ತಂಗಿ ಪಕ್ಕದಲ್ಲಿ, ಇಬ್ಬರ ನೆರಳೂ ಮರದ ಕೆಳಗೆ ಕೂತು ಸುಧಾರಿಸಿಕೊಳ್ಳುತ್ತಿವೆ.