ಒಂದು ದಾರಿ ಕಡಿಮೆ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಮನೆ ಮತ್ತೆ ಮನೆಯಂತಾದ ಮೊದಲ ಬೆಳಗ್ಗೆ ನಾನು ಮಂಚ ಮಡಚಲು ಹೋದೆ. ಹೊರಕೋಣೆಯ ಮಂಚ. ಅತ್ತೆಯ ಅಕ್ಕ ಐದು ದಿನ ಅದರ ಮೇಲೆ ಮಲಗಿದ್ದರು. ಅದರ ಒಂದು ಕಾಲು ಗಿಡ್ಡ. ಅಲ್ಲಾಡದಿರಲೆಂದು ಯಾರೋ ಅದರಡಿಗೆ ಒಂದು ದಪ್ಪ ಪುಸ್ತಕ ಇಟ್ಟಿದ್ದರು.

ಪುಸ್ತಕ ಎಳೆದೆ. ಕಪ್ಪು ರಟ್ಟು. ಬೆನ್ನಿನ ಮೇಲೆ ಬಿಳಿ ಚೀಟಿ. ಚೀಟಿಯಲ್ಲಿ ಕೈಬರಹದ ಅಂಕಿ: 17.

ನಾನು ನೆಲದ ಮೇಲೆ ಕೂತುಬಿಟ್ಟೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಏನಾಯ್ತಮ್ಮ? ಬಿದ್ಯಾ?"

"ಇಲ್ಲ ಅತ್ತೆ."

"ಮತ್ತೆ ಸದ್ದೇ ಇಲ್ಲ?"

ಇದೇ ಪುಸ್ತಕ ತೆಗೆಯಲು ಏಣಿ ಹತ್ತಿ, ಜಾರಿ ಬಿದ್ದು ನನ್ನ ಗಂಡ ಸತ್ತರೆಂದು ಪೊಲೀಸರು ಬರೆದುಕೊಂಡಿದ್ದರು. "ಸ್ವಂತ ಅಜಾಗರೂಕತೆಯಿಂದ" ಎಂದು ಬರೆದಿದ್ದರು. ಸೋಮವಾರ ಆ ಫೈಲು ಮುಚ್ಚುವುದಿತ್ತು.

ಪುಸ್ತಕ ನಮ್ಮ ಮನೆಯಲ್ಲಿತ್ತು. ಮಂಚದ ಕಾಲಿನಡಿ.

* * *

ಸಂಘದ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ಪದವಿ ತರಗತಿಯಲ್ಲಿ ಗಣಿತ ಓದುವವರಿಗಾಗಿ ಅಧ್ಯಾಪಕರು ಸೇರಿ ಕಟ್ಟಿದ ಸಂಘ. ಒಂದು ತ್ರೈಮಾಸಿಕ, ವರ್ಷಕ್ಕೊಂದು ಸ್ಪರ್ಧೆ, ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಗ್ರಂಥಾಲಯ. ಸ್ಥಾಪಕರ ಕಾಲದಿಂದ ಒಂದು ಕಟ್ಟಳೆ ಇದೆ. ವಿದ್ಯಾರ್ಥಿ ಕಳಿಸಿದ ಯಾವ ಕಾಗದವನ್ನೂ ಬಿಸಾಡಬಾರದು. ಅಚ್ಚಾಗಲಿ, ತಿರಸ್ಕಾರವಾಗಲಿ, ವರ್ಷದ ಕೊನೆಗೆ ಎಲ್ಲವನ್ನೂ ಹೊಲಿದು ಒಂದು ಸಂಪುಟ ಮಾಡಬೇಕು. ಅವು ಮೇಲಿನ ಕಪಾಟಿನಲ್ಲಿರುತ್ತವೆ. ಹೊರಗೆ ಕೊಡುವಂತಿಲ್ಲ.

ನನ್ನ ಗಂಡ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಸಂಘದ ತ್ರೈಮಾಸಿಕದಲ್ಲಿ ವಿದ್ಯಾರ್ಥಿಗಳ ಪುಟ ಅವರದು. ಆ ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಕಬ್ಬಿಣದ ಮೇಜಿನ ಮೂಲೆಗೆ ತಲೆ ಒಡೆದು ಬಿದ್ದಿದ್ದರು. ಪಕ್ಕದಲ್ಲಿ ಚಕ್ರದ ಏಣಿ. ಜೇಬಿನಲ್ಲಿ ಒಂದು ಚೀಟಿ: 17/63.

ಆಗ ಮಹಡಿಯಲ್ಲಿದ್ದವರು ಒಬ್ಬರೇ, ಸಂಘದ ಅಧ್ಯಕ್ಷರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ನನ್ನ ಗಂಡನಿಗೂ ನನಗೂ ಪಾಠ ಹೇಳಿದವರು. ಅವರ ಹೆಸರಿನ ಪ್ರಮೇಯವೊಂದು ಪಠ್ಯಪುಸ್ತಕದಲ್ಲಿದೆ. ಚೀಟಿ ನೋಡಿ ಅವರೇ ಪೊಲೀಸರಿಗೆ ಬಿಡಿಸಿ ಹೇಳಿದ್ದರು: "ಹದಿನೇಳನೇ ಸಂಪುಟ, ಅರವತ್ಮೂರನೇ ಪುಟ. ಅದನ್ನ ತೆಗೀತೀನಿ ಅಂತ ಹೋದ. ನಾನು ನನ್ನ ಕೋಣೇಲಿದ್ದೆ. ಧಡ್ ಅಂತು."

ಸ್ಮಶಾನದಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟಿದ್ದರು. "ನಾನಿದ್ದೀನಿ ಮಗಳೇ."

* * *

ಇನ್ಸ್‌ಪೆಕ್ಟರ್ ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ನಾನು ಕರೆದ ಕೂಡಲೇ ಮನೆಗೆ ಬಂದರು. ನೆಗಡಿಯಾಗಿತ್ತು. ಪುಸ್ತಕವನ್ನು ತಿರುವಿ ಹಾಕಿದರು.

"ಮನೇಲಿದ್ದಿದ್ದು ಮರೆತು ಏಣಿ ಹತ್ತಿರಬಹುದಲ್ಲಮ್ಮ?"

"ಒಳಗೆ ಅವರ ಕೈಯಲ್ಲೇ ಬರೆದ ತಾರೀಖು ಇದೆ. ಗುರುವಾರ ತಂದಿದ್ದಾರೆ. ಎರಡು ದಿನಕ್ಕೆ ಮರೆಯೋರಲ್ಲ."

"ನನ್ನ ಯಜಮಾನರು ಮೂಗಿನ ಮೇಲಿನ ಕನ್ನಡಕ ಹುಡುಕ್ತಾರೆ." ಮೂಗು ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ತಪ್ಪು ತಿಳೀಬೇಡ. ಅವರಿಗೆ ಯಾರ ಜೊತೆಗಾದ್ರೂ ಜಗಳ ಇತ್ತಾ?"

ಇತ್ತು. ಸಂಘದ ಕಾರ್ಯದರ್ಶಿಯ ಜೊತೆ. ಶುಕ್ರವಾರ ಫೋನಿನಲ್ಲಿ ಅವನು ಕಿರುಚಿದ್ದು ನನಗೂ ಕೇಳಿಸಿತ್ತು. ಸ್ಪರ್ಧೆಯಲ್ಲಿ ಅವನ ಅಕ್ಕನ ಮಗಳಿಗೆ ಒಂದು ಪ್ರಶ್ನೆಗೆ ನನ್ನವರು ಸೊನ್ನೆ ಕೊಟ್ಟಿದ್ದರು. ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಯಾವುದು ಅವಳದೆಂದು ಅವನಿಗೆ ಹೇಗೆ ಗೊತ್ತಾಯಿತೆಂದು ನನ್ನವರು ಕೇಳಿದ್ದರು. "ನಿನ್ನ ನೋಡ್ಕೋತೀನಿ" ಎಂದು ಅವನು ಫೋನಿಟ್ಟಿದ್ದ.

"ಇದು ಮಾತು," ಎಂದು ಇನ್ಸ್‌ಪೆಕ್ಟರ್ ಪುಸ್ತಕ ಸದ್ಯಕ್ಕೆ ನನ್ನ ಬಳಿಯೇ ಬಿಟ್ಟು ಟೋಪಿ ತೆಗೆದುಕೊಂಡರು.

ಸಂಜೆಯೊಳಗೆ ಆ ಮಾತು ಮುರಿದುಬಿತ್ತು. ಶನಿವಾರ ಸ್ಪರ್ಧೆಯ ಎರಡನೇ ಸುತ್ತು. ಊರಿನ ಆಚೆ ತುದಿಯ ಕಾಲೇಜಿನಲ್ಲಿ ಕಾರ್ಯದರ್ಶಿ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಗಂಟೆ ಬಾರಿಸುತ್ತಿದ್ದ. ಇನ್ನೂರು ವಿದ್ಯಾರ್ಥಿಗಳು ಸಾಕ್ಷಿ.

"ಅತ್ತುಬಿಟ್ಟ," ಎಂದರು ಇನ್ಸ್‌ಪೆಕ್ಟರ್ ಫೋನಿನಲ್ಲಿ. "ನಂಬರ್ ಕದ್ದು ನೋಡಿದ್ದನ್ನ ಒಪ್ಕೊಂಡ. ಅಷ್ಟೇ ಅವನ ಪಾಪ. ಸೋಮವಾರದವರೆಗೆ ನನ್ನ ಹತ್ರ ಟೈಮಿದೆ. ಅಲ್ಲೀತನಕ ಆ ಗ್ರಂಥಾಲಯದ ಬೀಗ ತೆಗೆಸಲ್ಲ. ನಿಮ್ಮ ಅಧ್ಯಕ್ಷರು ಮಾತ್ರ ದಿನಾ ಕೀ ಕೇಳ್ತಾರೆ. ಓದೋ ಚಟ ಜಾಸ್ತಿ ಅವರಿಗೆ."

* * *

ಮರುದಿನ ಮಧ್ಯಾಹ್ನ ಅತ್ತೆ ತಟ್ಟೆ ತಂದಿಟ್ಟರು.

"ಉಣ್ಣಮ್ಮ. ಹೋದೋರ ಜೊತೆ ಹಸಿವು ಹೋಗಲ್ಲ."

ಅವರು ಪಕ್ಕದಲ್ಲಿ ಕೂತು, ವಾರದಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದರು. "ಚಿಕ್ಕೋನಿದ್ದಾಗ್ಲೇ ಹೊಡೆದಿದ್ದೆ. ಕಂಡದ್ದೆಲ್ಲ ಹತ್ತಬೇಡ ಕಣೋ ಅಂತ. ಇನ್ನೆರಡು ಬಿಗಿಬೇಕಿತ್ತು ನಾನು."

ನಾನು ಅರವತ್ತಮೂರನೇ ಪುಟ ತೆರೆದೆ.

ಇಪ್ಪತ್ತಾರು ವರ್ಷದ ಹಿಂದಿನ ಕಾಗದ. ಯಾರೋ ಹುಡುಗಿ ಬರೆದದ್ದು. ಹೆಸರು ಓದಿದೆ, ಗುರುತು ಹತ್ತಲಿಲ್ಲ. ಎಂಟು ಹಾಳೆ, ಮುತ್ತಿನಂಥ ಅಕ್ಷರ. 7 ಬಂದಾಗಲೆಲ್ಲ ಅದರ ಸೊಂಟಕ್ಕೊಂದು ಅಡ್ಡಗೆರೆ. ಕೊನೆಯಲ್ಲಿ ಸಂಪಾದಕರ ಕೆಂಪು ಶಾಯಿ: "ಮೂರನೇ ಹಂತ ತಪ್ಪು. ಹೊಸತೇನೂ ಇಲ್ಲ. ತಿರಸ್ಕೃತ."

ಒಂದು ಉದಾಹರಣೆಯ ಸುತ್ತ ನನ್ನವರ ಪೆನ್ಸಿಲಿನ ವೃತ್ತವಿತ್ತು. ಅಡ್ಡಕ್ಕೆ ಏಳು ಬೀದಿ, ಮೇಲಕ್ಕೆ ಐದು ಬೀದಿ ದಾಟಬೇಕು. ನಡುವೆ ಒಂದು ಕೂಡುರಸ್ತೆ ಮುಚ್ಚಿದೆ. ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಹಿಂದಿರುಗದೆ ಹೋಗಲು ಎಷ್ಟು ದಾರಿ? ಹುಡುಗಿ ಬರೆದಿದ್ದಳು: 441.

ಪೆನ್ಸಿಲ್ ತೆಗೆದುಕೊಂಡೆ. ಎಂಟು ದಿನದಲ್ಲಿ ಕೈ ಮಾಡಿದ ಮೊದಲ ಕೆಲಸ. ಒಟ್ಟು ದಾರಿ ಏಳುನೂರ ತೊಂಬತ್ತೆರಡು. ಮುಚ್ಚಿದ ಜಾಗದ ಮೂಲಕ ಹೋಗುವವು ಮುನ್ನೂರ ಐವತ್ತು. ಉಳಿದದ್ದು 442.

ಹುಡುಗಿ ಎಣಿಕೆಯಲ್ಲಿ ಒಂದು ತಪ್ಪಿದ್ದಳು. 441 ಇಪ್ಪತ್ತೊಂದರ ವರ್ಗ. ನೋಡಲು ಚೆಂದ. ಚೆಂದ ಕಂಡ ಸಂಖ್ಯೆಯನ್ನು ಯಾರೂ ಮತ್ತೆ ಎಣಿಸುವುದಿಲ್ಲ.

ಆಗ ನೆನಪಾಯಿತು. ತಿಂಗಳ ಹಿಂದೆ ಇದೇ ಮೇಜಿನ ಮುಂದೆ ಕೂತು ಪಾಠದ ತಯಾರಿ ಮಾಡುತ್ತ ನನ್ನವರು ನಕ್ಕಿದ್ದರು. "ನೋಡೇ, ಮೇಷ್ಟ್ರಿಗೂ ಎಣಿಕೆ ತಪ್ಪುತ್ತೆ. ಒಂದು ದಾರಿ ಕಡಿಮೆ."

ಎದ್ದು ಕಪಾಟಿನಿಂದ ಮೇಷ್ಟ್ರ ಪ್ರಸಿದ್ಧ ಲೇಖನ ತೆಗೆದೆ. ಸಂಕೇತಗಳು ಬೇರೆ. ಭಾಷೆ ಎತ್ತರದ್ದು. ಎಂಟನೇ ಪುಟದ ಉದಾಹರಣೆ ಮಾತ್ರ ಅದೇ. ಏಳು ಅಡ್ಡ, ಐದು ಮೇಲೆ, ಅದೇ ಕೂಡುರಸ್ತೆ ಮುಚ್ಚಿದೆ. ಉತ್ತರ 441.

ಸರಿಯುತ್ತರ ಇಬ್ಬರಿಗೆ ಒಂದೇ ಬರಬಹುದು. ತಪ್ಪುತ್ತರ ಹೀಗೆ ಒಂದೇ ಬರಲಾರದು.

ಲೇಖನದ ವರ್ಷ ನೋಡಿದೆ. ಹುಡುಗಿಯ ಕಾಗದ ಬಂದ ಮರುವರ್ಷ. ಆಗ ವಿದ್ಯಾರ್ಥಿ ಪುಟದ ಸಂಪಾದಕರು ಮೇಷ್ಟ್ರೇ.

"ತಣ್ಣಗಾಯ್ತು ಅನ್ನ," ಎಂದರು ಅತ್ತೆ.

* * *

ಸೋಮವಾರ ಬೆಳಗ್ಗೆ ಹತ್ತಕ್ಕೆ ಗ್ರಂಥಾಲಯದ ಬೀಗ ತೆಗೆದರು. ಇನ್ಸ್‌ಪೆಕ್ಟರ್, ಮೇಷ್ಟ್ರು, ನಾನು, ಮತ್ತೆ ಅಕ್ಕ. ಅಕ್ಕ ಅಂದರೆ ಗ್ರಂಥಪಾಲಕಿ. ಇಪ್ಪತ್ತು ವರ್ಷದಿಂದ ಅಲ್ಲಿದ್ದಾರೆ. ಅಧ್ಯಕ್ಷರಿಂದ ಹಿಡಿದು ಮೊದಲ ವರ್ಷದ ಮಕ್ಕಳವರೆಗೆ ಎಲ್ಲರಿಗೂ ಅವರು ಅಕ್ಕ. ಹೆಸರು ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ.

ಪೊಲೀಸರು ಬೀಗ ಹಾಕುವ ಮುನ್ನವೇ ನೆಲ ತೊಳೆಸಿದ್ದರು. ಮೇಜು ಅಲ್ಲೇ ಇತ್ತು. ನಾನು ಅದರತ್ತ ನೋಡದೆ ಮೇಲಿನ ಕಪಾಟು ನೋಡಿದೆ. ಕಪ್ಪು ಬೆನ್ನುಗಳ ಸಾಲು. 7, 17, 27, 37. ಪ್ರತಿ ಏಳರ ಸೊಂಟಕ್ಕೂ ಒಂದು ಅಡ್ಡಗೆರೆ.

ಹಳೆಯವೂ ಸೇರಿ ಎಲ್ಲ ಚೀಟಿ ಹೊಸದಾಗಿ ಬರೆದು ಅಂಟಿಸಿದವರು ಅಕ್ಕ.

ತಿರುಗಿ ಅಕ್ಕನ ಕೈ ನೋಡಿದೆ.

"ಮೇಷ್ಟ್ರೇ," ಎಂದರು ಇನ್ಸ್‌ಪೆಕ್ಟರ್, ಸೀನುತ್ತ. "ಫೈಲ್ ಮುಚ್ಚೋ ಮುಂಚೆ ಒಂದೇ ಒಂದು. ಅವರು ಬಿದ್ದ ಕಡೆ ಪುಸ್ತಕ ಇರಲಿಲ್ಲ. ಅದು ಕೈಗೆ ಸಿಕ್ಕಿತ್ತೋ, ಇಲ್ವೋ?"

ಈ ಪ್ರಶ್ನೆ ನಾನು ಹೇಳಿಕೊಟ್ಟದ್ದು. "ಗೊತ್ತಿಲ್ಲ" ಎಂದಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ಆದರೆ ಅವರ ಪಾಠ ಕೇಳಿದವಳು ನಾನು. ಪ್ರಮೇಯದ ಸಾಧನೆಯಲ್ಲಿ ಬಿರುಕು ಕಂಡರೆ ಅದನ್ನು ಮುಚ್ಚದೆ ಅವರಿಂದ ಸುಮ್ಮನಿರಲಾಗದು.

ಮೇಷ್ಟ್ರು ಕಪಾಟಿನತ್ತ ಕಣ್ಣು ಹಾಯಿಸಿದರು. ಸಾಲು ತುಂಬಿತ್ತು.

"ಸಿಕ್ಕಿತ್ತು. ಎದೆ ಮೇಲೆ ಬಿದ್ದಿತ್ತು. ನಾನೇ ತೆಗೆದು ವಾಪಸ್ ಇಟ್ಟೆ. ಅಭ್ಯಾಸಬಲ ನೋಡಿ, ಅಂಥ ಹೊತ್ತಲ್ಲೂ."

"ಹದಿನೇಳನೇದೇ?"

"ಅಲ್ಲೇ ಇದೆಯಲ್ಲ."

"ಅಕ್ಕಾ, ಅದನ್ನ ಸ್ವಲ್ಪ ಇಳಿಸಿಕೊಡಿ."

ಅಕ್ಕ ಅಲುಗಲಿಲ್ಲ. ಆಮೇಲೆ ಏಣಿ ತಳ್ಳಿಕೊಂಡು ಹೋಗಿ, ಹತ್ತಿ, ಹದಿನೇಳನ್ನು ಎಳೆದು ತಂದು ಮೇಜಿನ ಮೇಲಿಟ್ಟರು. ಟಕ್ ಎಂದಿತು.

ಅದು ಮರದ ಹಲಗೆ. ಬೆನ್ನಿಗೆ ಕಪ್ಪು ಬಣ್ಣ, ಮೇಲೊಂದು ಚೀಟಿ, ಪಕ್ಕದಲ್ಲಿ ಮೊಳೆ ಹೊಡೆದ ಕಾರ್ಡು. ಸಂಪುಟ ಹೊರಗೆ ಹೋದಾಗ ಅದರ ಜಾಗ ಹಿಡಿಯಲು ಇಡುವ ಗುರುತು. ಕೆಳಗಿನಿಂದ ನೋಡಿದರೆ ಪುಸ್ತಕವೇ.

"ಹೊರಗೆ ಕೊಡಬಾರದಿತ್ತು," ಎಂದರು ಅಕ್ಕ, ನೆಲ ನೋಡುತ್ತ. "ಎರಡೇ ದಿನ ಅಕ್ಕಾ ಅಂದ್ರು. ಕೊಟ್ಟೆ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ಅವರು ಅದಕ್ಕೇ ಏಣಿ ಹತ್ತಿದ್ದು ಅಂತ ನಂಗೆ ಯಾರೂ ಹೇಳೇ ಇಲ್ಲವಲ್ಲ!"

ನಾನು ಚೀಲದಿಂದ ನಿಜವಾದ ಹದಿನೇಳನ್ನು ತೆಗೆದೆ.

"ಸರ್, ಇದು ಗುರುವಾರದಿಂದ ನಮ್ಮನೇಲಿದೆ. ಅವರ ಎದೆ ಮೇಲೆ ಬಿದ್ದದ್ದು ಯಾವುದು?"

ಮೇಷ್ಟ್ರು ಹಲಗೆಯನ್ನು ತಿರುವಿ ನೋಡಿದರು.

ನಾನೇ ಮಾತಾಡಿದೆ. ಪಾಠ ಒಪ್ಪಿಸಿದಂತೆ. "ನಿಮ್ಮ ಲೇಖನದಲ್ಲೂ ಇದರಲ್ಲಿರೋ ಹುಡುಗಿ ಕಾಗದದಲ್ಲೂ ಒಂದೇ ತಪ್ಪಿತ್ತು. ಅದನ್ನ ನೋಡಿ ನನ್ನವರಿಗೆ ಗೊತ್ತಾಯ್ತು. ಶನಿವಾರ ಚೀಟೀಲಿ ಪುಟ ಬರ್ಕೊಂಡು ನಿಮ್ಮ ಹತ್ರ ಬಂದ್ರು. ಸತ್ತ ಮೇಲೆ ಚೀಟಿ ಸಿಕ್ಕಿತು. ಅದಕ್ಕೊಂದು ಅರ್ಥ ಬೇಕಿತ್ತು, ಏಣಿ ಕತೆ ಹೇಳಿದ್ರಿ. ಸಂಪುಟ ಮೇಲಿದೆ ಅಂತ್ಲೇ ನಂಬಿದ್ರಿ. ಅದನ್ನ ಸುಡೋಕೆ ದಿನಾ ಕೀ ಕೇಳಿದ್ರಿ."

"ಇನ್ನೊಂದಿದೆ," ಎಂದರು ಇನ್ಸ್‌ಪೆಕ್ಟರ್. "ನಿನ್ನೆ ಫೋಟೋ ಮತ್ತೆ ನೋಡಿದೆ. ಏಣಿ ಚಕ್ರ ರಕ್ತದ ಮೇಲೆ ಉರುಳಿದೆ. ಮನುಷ್ಯ ಬಿದ್ದ ಮೇಲೆ ಏಣಿ ಬಂದಿದೆ."

ಮೇಷ್ಟ್ರು ಕೂತರು. ಅದೇ ಮೇಜಿನ ಪಕ್ಕ.

"ಜಗಳ ಆಡೋಕೆ ಬಂದಿರಲಿಲ್ಲ ಅವನು. ನೀವೇ ಬರೆದು ಕೊಡಿ ಸರ್, ಮುಂದಿನ ಸಂಚಿಕೇಲಿ ಹಾಕ್ತೀನಿ, ಅಂದ. ಆ ಹುಡುಗಿ ಹೆಸರು ಸೇರಿಸಿ ಅಂದ. ತಳ್ಳಿದೆ. ಒಂದೇ ಸಲ."

"ಆಮೇಲೆ?"

"ಉಸಿರಿತ್ತು." ಅವರ ದನಿ ಪಾಠದ ದನಿಯಂತೆಯೇ ಸ್ಪಷ್ಟವಾಗಿತ್ತು. "ನಾನು ಏಣಿ ಎಳೀತಿದ್ದಾಗ 'ಸರ್' ಅಂತ ಕರೆದ. ಸಹಾಯಕ್ಕೆ."

ನಾನು ಅಳಲಿಲ್ಲ.

ಅಕ್ಕ ಸಂಪುಟವನ್ನು ತಮ್ಮತ್ತ ತಿರುಗಿಸಿಕೊಂಡು ಅರವತ್ತಮೂರನೇ ಪುಟ ನೋಡುತ್ತಿದ್ದರು. ತಮ್ಮದೇ ಅಕ್ಷರ. ಕೆಂಪು ಶಾಯಿಯ ಮೇಲೆ ಬೆರಳಿಟ್ಟರು.

"ಸರ್," ಎಂದರು. "ಮೂರನೇ ಹಂತ ಸರಿ ಇತ್ತಾ?"

ಮೇಷ್ಟ್ರು ಪುಟದಿಂದ ಮುಖ ತಿರುಗಿಸಿದರು.

"ಅದೊಂದನ್ನ ಹೇಳಿ. ತಪ್ಪು ಅಂದ್ರಿ ಅಂತ ಓದು ಬಿಟ್ಟೆ. ಕರೆದು ಇಲ್ಲಿ ಕೆಲಸ ಕೊಟ್ರಿ, ದೇವರಂಥೋರು ಅಂದ್ಕೊಂಡೆ. ಸರಿ ಇತ್ತಾ?"

"ಸರಿ ಇತ್ತು."

* * *

ಸಂಜೆ ಅತ್ತೆಗೆ ಹೇಳಿದೆ. ಅವರಿಗೆ ಬೇಕಾದದ್ದು ಒಂದೇ.

"ಅವನು ಹತ್ತಲೇ ಇಲ್ವಾ?"

"ಇಲ್ಲ ಅತ್ತೆ. ನೆಲದ ಮೇಲೇ ನಿಂತಿದ್ರು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅವರು ಹೊಡೆತದ ಮಾತು ಎಂದೂ ಎತ್ತಲಿಲ್ಲ.

* * *

ಪುಸ್ತಕ ಆರು ತಿಂಗಳು ಪೊಲೀಸರ ಬಳಿ ಸಾಕ್ಷಿಯಾಗಿತ್ತು. ನಕಲು ತೆಗೆದಿಟ್ಟುಕೊಂಡು ಅದನ್ನು ನನ್ನ ಕೈಗೆ ಕೊಟ್ಟರು. "ಅಜಾಗರೂಕತೆ" ಎಂಬ ಪದವನ್ನು ಇನ್ಸ್‌ಪೆಕ್ಟರ್ ನನ್ನೆದುರೇ ಹೊಡೆದುಹಾಕಿದ್ದರು.

ನಾನು ಸಂಘಕ್ಕೆ ಹೋದೆ. ಅಕ್ಕ ಒಬ್ಬರೇ ಇದ್ದರು. ಮುಂದೆ ಹಾಳೆಗಳು ಹರಡಿದ್ದವು. ತ್ರೈಮಾಸಿಕದ ಮುಂದಿನ ಸಂಚಿಕೆಯ ಕರಡು. ಮೊದಲ ಲೇಖನದ ಕೆಳಗೆ ಇಪ್ಪತ್ತಾರು ವರ್ಷ ಯಾರೂ ಕೇಳದ ಹೆಸರಿತ್ತು.

"ಒಂದು ದಾರಿ ಯಾವುದು ಬಿಟ್ಟಿದ್ರಿ, ಗೊತ್ತಾಯ್ತಾ?" ಎಂದು ಕೇಳಿದೆ.

"ಅಂಚಿನದು." ಬೆರಳಿಂದ ಮೇಜಿನ ಮೇಲೆ ಗೆರೆ ಎಳೆದರು. "ಕೊನೇತನಕ ಅಡ್ಡ ಹೋಗೋದು, ಆಮೇಲೆ ನೇರ ಮೇಲೆ. ಒಂದೇ ತಿರುವು. ತೀರಾ ಸುಲಭದ್ದು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ."

ಹಲಗೆ ಇಳಿಸಿ ತಂದರು. ಕಾರ್ಡಿನಲ್ಲಿ "ತೆಗೆದುಕೊಂಡವರು" ಎಂಬಲ್ಲಿ ನನ್ನವರ ಸಹಿ ಇತ್ತು. ಅವಸರದ್ದು, ಬಾಲ ಮೇಲಕ್ಕೆ. "ಹಿಂದಿರುಗಿಸಿದವರು" ಎಂಬಲ್ಲಿ ಖಾಲಿ.

"ತಡ ಆಯ್ತು," ಎಂದೆ. "ಎರಡೇ ದಿನ ಅಂದಿದ್ರು."

ಅಕ್ಕ ಪೆನ್ನು ಕೊಟ್ಟರು. ನನ್ನವರ ಸಹಿಯ ಪಕ್ಕದಲ್ಲಿ ನನ್ನದು ಹಾಕಿ, ತಾರೀಖು ಬರೆದು, ಪುಸ್ತಕ ಕೊಟ್ಟೆ.