ಐದು ಸ್ಟ್ರೈಟ್ನರ್, ಒಂದು ತಲೆ

"ಇನ್ನೂ ಸ್ವಲ್ಪ ಹಟಮಾರಿ ಕೂದಲು ಬೇಕಿತ್ತು ಮೇಡಂ."

ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತು ಇಂಜಿನಿಯರ್ ಇಷ್ಟು ಹೇಳಿದ್ದೇ ತಡ, ಆಫೀಸಿನಲ್ಲಿದ್ದವರೆಲ್ಲ ತಿರುಗಿ ಸುರುಳಿಯ ಕಡೆ ನೋಡಿದರು.

ಸುರುಳಿ ಅವಳ ನಿಜವಾದ ಹೆಸರಲ್ಲ. ಕೂಸಾಗಿದ್ದಾಗಲೇ ತಲೆತುಂಬ ಇದ್ದ ಗುಂಗುರನ್ನು ಕಂಡು ಅಕ್ಕ ಕರೆದದ್ದು. ಆ ಹೆಸರು ಮನೆಯಿಂದ ಶಾಲೆಗೆ, ಶಾಲೆಯಿಂದ ಈ ಆಫೀಸಿಗೆ, ಎಲ್ಲ ಕಡೆಗೂ ಅವಳಿಗಿಂತ ಮುಂಚೆ ಬಂದು ಕೂತಿರುತ್ತಿತ್ತು.

"ಯಾಕೆ ಎಲ್ರೂ ನನ್ನನ್ನೇ ನೋಡ್ತಿದ್ದೀರಾ?" ಎಂದಳು.

"ನಾನು ಇವರ ಕೂದಲು ಅಂತ ಹೇಳ್ಲಿಲ್ಲ," ಇಂಜಿನಿಯರ್ ತಡವರಿಸಿದ.

"ಅಂದ್ರೆ ನನ್ನ ಕೂದಲಿಗೆ ಹಟ ಇಲ್ಲ ಅಂತಾನಾ?"

"ಹಾಗೂ ಅಲ್ಲ..."

"ಮತ್ತೆ ಹೇಗೆ?"

ಅವನು ಸಂಪಾದಕಿಯ ಮುಖ ನೋಡಿದ. ಅವರು ನಗು ತಡೆಯಲು ಫೋನ್ ಎತ್ತಿಕೊಂಡರು.

ಕೊಳ್ಳುವವರಿಗಾಗಿ ಇದ್ದ ಪತ್ರಿಕೆ ಅದು. ಮಿಕ್ಸರ್ ಇರಲಿ, ಹಾಸಿಗೆ ಇರಲಿ, ಅಂಗಡಿಯಿಂದ ಕೊಂಡು ತಂದು, ಕೊಟ್ಟ ದುಡ್ಡಿಗೆ ಯಾವುದು ನಿಜವಾಗಿ ಬಾಳುತ್ತದೆ ಎಂದು ಪರೀಕ್ಷಿಸಿ ಬರೆಯುತ್ತಿದ್ದರು. ಪರೀಕ್ಷೆ ಇಂಜಿನಿಯರ್‌ನದು, ಬರವಣಿಗೆ ಸುರುಳಿಯದು. ಈ ಸಲ ಹೇರ್ ಸ್ಟ್ರೈಟ್ನರ್‌ಗಳ ಸರದಿ. ಪರೀಕ್ಷೆಗೆಂದು ತರಿಸಿದ್ದ ಕೂದಲಿನ ಎಳೆಗಳು ಮೊದಲೇ ಅರ್ಧ ನೆಟ್ಟಗಿದ್ದವು. ಅವುಗಳ ಮೇಲೆ ಆಡಿಸಿದರೆ ಯಾವ ಸ್ಟ್ರೈಟ್ನರೂ ಫೇಲಾಗುವಂತಿರಲಿಲ್ಲ.

"ಸರಿ, ನನ್ನ ತಲೆ ತಗೊಳ್ಳಿ," ಎಂದಳು ಸುರುಳಿ. "ಆದ್ರೆ ವಾಪಸ್ ಕೊಡ್ಬೇಕು."

ಎಲ್ಲರೂ ನಕ್ಕರು. ಅವಳು ಇಷ್ಟು ಸುಲಭವಾಗಿ ಒಪ್ಪಿದ್ದರ ಹಿಂದೆ ಬೇರೆಯೇ ಕಾರಣವಿತ್ತು. ಬೇರೆ ಊರಿನ ಚಾನೆಲ್ಲೊಂದು ಅವಳನ್ನು ಕರೆದಿತ್ತು. ಏನು ಕೊಳ್ಳಬೇಕು, ಏನು ಬೇಡ ಎಂದು ಜನರಿಗೆ ಹೇಳುವ ವಾರದ ಕಾರ್ಯಕ್ರಮ. ಕ್ಯಾಮೆರಾದ ಮುಂದೆ ಮಾತಾಡುವವಳು ಅವಳೇ. ಎಷ್ಟೋ ಕಾಲದಿಂದ ಬಯಸಿದ್ದ ಕೆಲಸ. ಅವರಿಟ್ಟ ಶರತ್ತು ಒಂದೇ: ಕೂದಲು ನೆಟ್ಟಗಿರಬೇಕು, ತೆರೆಯ ಮೇಲೆ ಅಚ್ಚುಕಟ್ಟಾಗಿ ಕಾಣಬೇಕು.

"ಕೂದಲು ತಾನೇ ಕೇಳಿರೋದು, ತಲೆ ಕೇಳಿಲ್ವಲ್ಲ," ಎಂದಿದ್ದಳು ಅಕ್ಕ. ಆದರೂ ಸುರುಳಿ ಹೂಂ ಅನ್ನದೆ, ವಾರದ ಕೊನೆಗೆ ಹೇಳುತ್ತೇನೆ ಎಂದು ಚಾನೆಲ್ಲಿನವರಿಗೆ ತಿಳಿಸಿದ್ದಳು.

ಮರುದಿನ ಪರೀಕ್ಷಾ ಕೋಣೆಯಲ್ಲಿ ಕನ್ನಡಿಯ ಮುಂದೆ ಕುರ್ಚಿ ಹಾಕಿಸಿ ಕೂತಳು. ಇಂಜಿನಿಯರ್ ಮೇಜಿನ ಮೇಲೆ ಐದು ಸ್ಟ್ರೈಟ್ನರ್ ಸಾಲಾಗಿ ಇಟ್ಟ, ಕೈ ತೊಳೆದು ಬಂದ. ಬಂದು ಅವಳ ಹಿಂದೆ ನಿಂತ. ನಿಂತೇ ಇದ್ದ.

"ಏನಾಯ್ತು?"

"ಶುರು ಮಾಡ್ಲಾ?"

"ಮಾಡದೆ, ನೋಡ್ತಾನೇ ನಿಂತ್ರೆ ಅದಾಗೇ ನೆಟ್ಟಗಾಗುತ್ತಾ?"

ಕನ್ನಡಿಯಲ್ಲಿ ಅವನ ನೋಟ ಅವಳ ನೋಟಕ್ಕೆ ತಾಗಿ, ತಕ್ಷಣ ಕೆಳಗಿಳಿಯಿತು. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು, ಕೂದಲನ್ನು ಐದು ಪಾಲು ಮಾಡಿ ಕ್ಲಿಪ್ ಹಾಕಿದ. ಮೀಟರುಗಳನ್ನು ಹಿಡಿಯುವ ಅವನ ಕೈ ಇಷ್ಟು ಮೆತ್ತಗೆ ಕೆಲಸ ಮಾಡಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಸಿಕ್ಕು ಸಿಕ್ಕಲ್ಲಿ ಎಳೆಯುತ್ತಿರಲಿಲ್ಲ; ಬುಡದಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬರುತ್ತಿದ್ದ.

ಎಲ್ಲಕ್ಕಿಂತ ಅಗ್ಗದ್ದು ಮೊದಲು ಬಂತು. ಅದರ ಒಂದು ಪಟ್ಟಿ ಕೆಂಡ, ಇನ್ನೊಂದು ಉಗುರುಬೆಚ್ಚಗೆ. ನಾಲ್ಕು ಬೆರಳಿನಷ್ಟು ಹೋಗಿ ಕೂದಲನ್ನು ಕಚ್ಚಿ ನಿಂತಿತು.

"ಅಯ್ಯೋ ದರಿದ್ರದ್ದೇ!"

"ಸಾರಿ, ಸಾರಿ."

"ನಿಮ್ಮನ್ನಲ್ಲ ಬೈದಿದ್ದು, ಅದನ್ನ."

"ನಾನೂ ಅದರ ಪರವಾಗೇ ಸಾರಿ ಕೇಳಿದ್ದು," ಎಂದ ಅವನು, ತುಂಬಾ ಗಂಭೀರವಾಗಿ.

ಅವಳು ನಕ್ಕಳು. ಅವನಿಗೆ ತಮಾಷೆ ಮಾಡಲು ಬರುತ್ತದೆಂಬುದೂ ಅವಳಿಗೆ ಅಂದೇ ಗೊತ್ತಾದದ್ದು.

ಎಲ್ಲಕ್ಕಿಂತ ದುಬಾರಿಯದು ಒಡವೆಯ ಹಾಗೆ ಮಖಮಲ್ ಪೆಟ್ಟಿಗೆಯಲ್ಲಿ ಮಲಗಿತ್ತು. ಬಣ್ಣದ ದೀಪ, ಅಂಕಿ ತೋರಿಸುವ ಪರದೆ, ಫೋನಿಗೆ ಜೋಡಿಸುವ ಸೌಕರ್ಯ. ಕೂದಲನ್ನು ಚೆನ್ನಾಗಿಯೇ ನೆಟ್ಟಗೆ ಮಾಡಿತು. ಆದರೆ ಮಧ್ಯದ ಬೆಲೆಯದು, ನೋಡಲು ಏನೂ ಅಲ್ಲದ ಕಪ್ಪನೆಯದು, ಅಷ್ಟೇ ಕೆಲಸವನ್ನು ಅದಕ್ಕಿಂತ ಕಡಿಮೆ ಕಾವಿನಲ್ಲಿ ಮಾಡಿತು. ಅಗಲದ ಪಟ್ಟಿ, ಬೇಕಾದಷ್ಟು ಉದ್ದದ ವೈರು, ಮರೆತು ಹೋದರೆ ತಾನೇ ಆರಿಹೋಗುವ ಬುದ್ಧಿ.

"ಕಿವಿ ಹತ್ರ ಬರ್ತಿದ್ದೀನಿ, ಅಲ್ಲಾಡ್ಬೇಡಿ," ಎಂದು ಅವಳ ಕಿವಿಯನ್ನು ಎಡಗೈಯಿಂದ ಮುಚ್ಚಿದ.

ಕೋಣೆಯ ಸದ್ದು ಒಂದು ಕಡೆ ಅಡಗಿತು. ಆ ಅಂಗೈಯ ಹಿತವಾದ ಬಿಸಿಯಷ್ಟೇ ಉಳಿಯಿತು. ಕೂದಲ ಎಳೆ ಜಾರಿ, ಹೊಳೆಯುತ್ತ ಹೆಗಲ ಮೇಲೆ ಬಿದ್ದ ಮೇಲೂ ಆ ಕೈ ಒಂದು ಗಳಿಗೆ ಅಲ್ಲೇ ಇತ್ತು. ಅವಳೂ ಅಲ್ಲಾಡಲಿಲ್ಲ.

ಕೇಳಿಬಿಡಬೇಕು ಅನ್ನಿಸಿತು ಅವಳಿಗೆ. "ದಿನಾ ಬೆಳಿಗ್ಗೆ ಮಾಡ್ಕೊಳ್ಳೋದಾದ್ರೆ ಯಾವ್ದು ತಗೊಳ್ಳೋದು?"

"ದಿನಾನಾ? ಯಾರು?"

"ನಾನು." ಚಾನೆಲ್ಲಿನ ವಿಷಯವನ್ನೆಲ್ಲ ಹೇಳಿದಳು.

ಅವನು ಸ್ಟ್ರೈಟ್ನರ್‌ನ ಪ್ಲಗ್ ಕಿತ್ತು, ವೈರನ್ನು ಸುತ್ತಿಟ್ಟ. ಮತ್ತೆ ಮಾತಾಡಿದಾಗ ಧ್ವನಿ ಬರೀ ಇಂಜಿನಿಯರ್‌ನದಾಗಿತ್ತು. "ಈ ಮಧ್ಯದ್ದು ತಗೊಳ್ಳಿ. ಕಾವು ಕಡಿಮೆ ಇಟ್ಕೊಳ್ಳಿ, ಒದ್ದೆ ಕೂದಲ ಮೇಲೆ ಮಾತ್ರ ಬೇಡ. ಬಾಳಿಕೆ ಬರುತ್ತೆ."

"ಅದಲ್ಲ. ನಾನು ಹೋಗೋದು, ಹೀಗೆ ಕೂದಲು ಮಾಡ್ಕೊಳ್ಳೋದು... ನಿಮಗೇನನ್ಸುತ್ತೆ?"

"ಅದು ನೀವೇ ತೀರ್ಮಾನ ಮಾಡೋ ವಿಷಯ. ನಾನೇನೂ ಹೇಳೋ ಹಾಗಿಲ್ಲ."

ಅಷ್ಟೇ. ಮುಖಕ್ಕೆ ಬಾಗಿಲು ಹಾಕಿದಂತಾಯಿತು ಅವಳಿಗೆ. ಥ್ಯಾಂಕ್ಸ್ ಹೇಳಿ ಎದ್ದು ಬಂದಳು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡ ನೆಟ್ಟನೆಯ ಕೂದಲಿನ ಹೆಣ್ಣಿನ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಮನೆಯಲ್ಲಿ ಅಕ್ಕ ಅವಳನ್ನು ಸುತ್ತು ಹಾಕಿ ನೋಡಿದಳು. "ಚೆನ್ನಾಗೇ ಕಾಣ್ತೀಯ ಕಣೇ. ಆದ್ರೆ ಯಾರೋ ನೆಂಟರು ಬಂದು ಕೂತ ಹಾಗಿದೆ. ಕಾಫಿ ತಗೋತೀರಾ ಅಂತ ಕೇಳೋಣ ಅನ್ಸುತ್ತೆ."

ಇಬ್ಬರೂ ನಕ್ಕರು. ಆಮೇಲೆ ಸುರುಳಿ ಬಾಗಿಲು ಮುಚ್ಚಿ, ಕನ್ನಡಿಯ ಮುಂದೆ ಕಾರ್ಯಕ್ರಮದ ಮಾತುಗಳನ್ನು ಹೇಳಿ ನೋಡಿದಳು. ಕೂದಲಿನಲ್ಲಿ ತಪ್ಪೇನೂ ಇರಲಿಲ್ಲ, ನಿಜಕ್ಕೂ ಸೊಗಸಾಗಿತ್ತು. ಆದರೆ ಮಾತಿನ ನಡುವೆ ಕಣ್ಣು ಮತ್ತೆ ಮತ್ತೆ ಅದರ ಮೇಲೇ ಹೋಗುತ್ತಿತ್ತು: ಎಲ್ಲಾದರೂ ಮಡಿಚಿಕೊಂಡಿತೇ, ಎದ್ದಿತೇ? ಹೇಳಬೇಕಾದದ್ದು ಮರೆತು ಹೋಗುತ್ತಿತ್ತು. ಇಷ್ಟಪಟ್ಟು ಮಾಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಯಾರೋ ಹೇಳಿದ್ದಕ್ಕೆ ಮಾಡಿಕೊಂಡದ್ದು, ಅದೇ ಕುತ್ತಿಗೆಗೆ ಬಿಗಿಯಾಗಿತ್ತು.

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಳು. ಗುಂಗುರು ಏನೂ ಆಗಿಲ್ಲವೆಂಬಂತೆ ಮರಳಿತು. ಟವೆಲ್ ಸುತ್ತಿಕೊಂಡೇ ಚಾನೆಲ್ಲಿಗೆ ಫೋನ್ ಮಾಡಿದಳು.

"ನಾನು ಬರ್ತೀನಿ. ಕೂದಲೂ ಇದ್ದ ಹಾಗೇ ಬರುತ್ತೆ. ನನಗೇ ಆಸೆ ಆದ ದಿನ ನೆಟ್ಟಗೆ ಮಾಡ್ಕೋತೀನಿ, ಶರತ್ತು ಮಾತ್ರ ಬೇಡ."

ಆ ಕಡೆಯವರು ಕೇಳಿ ಹೇಳುತ್ತೇವೆ ಎಂದರು. ಇನ್ನು ಅದು ಕೈತಪ್ಪಿದಂತೆಯೇ ಅಂದುಕೊಂಡು ಅವಳು ಕೆಲಸಕ್ಕೆ ಹೋದಳು. ಇಡೀ ದಿನ ಪರೀಕ್ಷಾ ಕೋಣೆಯ ಕಡೆ ತಲೆ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಫೋನ್ ಬಂತು.

ಅವಳು ನೇರ ಆ ಕೋಣೆಗೇ ಹೋದಳು. ಅಲ್ಲಿ ಬಾಳಿಕೆ ಪರೀಕ್ಷಿಸುವ ಯಂತ್ರವೊಂದು ಸ್ಟ್ರೈಟ್ನರ್‌ಗಳ ವೈರನ್ನು ಟಕಟಕ ಬಗ್ಗಿಸುತ್ತಿತ್ತು. ಇಂಜಿನಿಯರ್ ತಲೆ ಎತ್ತಿ ಮೊದಲು ಅವಳ ಮುಖ ನೋಡಿದ.

"ಒಪ್ಕೊಂಡ್ರು. ಹೀಗೇ ಬನ್ನಿ, ಶುರುವಿನ ಕೆಲವು ಕಾರ್ಯಕ್ರಮ ನೋಡೋಣ ಅಂದ್ರು."

"ಹೌದಾ!" ಅವನ ಮುಖ ಅರಳಿತು. ಆಮೇಲೆ ಮೆಲ್ಲಗೆ, "ಯಾವಾಗ ಹೊರಡ್ತೀರಿ?"

"ತಿಂಗಳ ಕೊನೆಗೆ. ಒಂದು ಕೇಳ್ಲಾ? ನಿನ್ನೆ ಯಾಕೆ ಹಾಗೆ ಬಾಯಿಗೆ ಬೀಗ ಹಾಕ್ಕೊಂಡ್ರಿ?"

ಅವನು ಯಂತ್ರ ಆರಿಸಿದ.

"ತೂಕ ಹಾಕೋವಾಗ ತಕ್ಕಡಿ ಮೇಲೆ ಕೈ ಇಡಬಾರದು. ನಿನ್ನೆ ನಾನು ಬಾಯಿ ಬಿಟ್ಟಿದ್ರೆ, ನಿಮ್ಮ ಒಳ್ಳೇದಕ್ಕೆ ಹೇಳಿದ್ದಾಗ್ತಿರ್ಲಿಲ್ಲ. ನನಗೋಸ್ಕರ ಹೇಳಿದ್ದಾಗ್ತಿತ್ತು."

"ನಿಮಗೋಸ್ಕರ ಅಂದ್ರೆ?"

"ನೀವು ಹೋಗೋದು ನನಗೆ ಬೇಡ. ನೀವು ಹೋಗ್ಲೇಬೇಕು ಅಂತಾನೂ ಅನ್ಸುತ್ತೆ. ಎರಡೂ ನಿಜ." ಬೆರಳಿಂದ ಮೇಜಿನ ಅಂಚನ್ನು ಸವರುತ್ತ ಮುಂದುವರಿಸಿದ. "ಈಗ ನಿಮ್ಮ ತೀರ್ಮಾನ ಆಗಿದೆ. ಅದಕ್ಕೇ ಹೇಳ್ತಿದ್ದೀನಿ. ನನಗೆ ನೀವಂದ್ರೆ ಇಷ್ಟ. ಕೂದಲು ಹೇಗಿದ್ರೂ."

ಸುರುಳಿಗೆ ಒಳಗೊಳಗೇ ಹಿಗ್ಗಾಯಿತು. ಅದನ್ನು ಮುಚ್ಚಿಡಲು ಒಂದೇ ದಾರಿ ಗೊತ್ತಿತ್ತು. "ಇಷ್ಟೆಲ್ಲ ಹೇಳಿ ಇನ್ನೂ ನೀವು, ನಿಮ್ಮ ಅಂತಿದ್ದೀರಲ್ಲ!"

"ಮತ್ತೆ?"

"ನನ್ನನ್ನ ಕೇಳಿದ್ರೆ? ನೀವೇ ತೀರ್ಮಾನ ಮಾಡ್ಬೇಕು."

ಅವನು ನಕ್ಕುಬಿಟ್ಟ. "ರಜೆ ಸಿಕ್ಕಾಗೆಲ್ಲ ನಾನು ಆ ಊರಿಗೆ ಬಂದ್ರೆ... ನೀನು ಸ್ಟೇಷನ್ನಿಗೆ ಬರ್ತೀಯಾ?"

"ಬರ್ತೀನಿ," ಎಂದಳು. "ನಿನ್ನ ರೈಲು ಬರೋಕೆ ಮುಂಚೇನೇ ಬಂದು ನಿಂತಿರ್ತೀನಿ."

ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಅವನು ಅಂಗೈ ಮೇಲಕ್ಕೆ ತಿರುಗಿಸಿ ಅದನ್ನು ಹಿಡಿದುಕೊಂಡ.

ಹೊರಗಿನಿಂದ ಸಂಪಾದಕಿಯ ಧ್ವನಿ ಕೇಳಿತು. "ಯಾವ್ದು ಅಂತ ಗೊತ್ತಾಯ್ತೇನ್ರಮ್ಮಾ? ಲೇಖನ ಎಲ್ಲಿ?"

"ಗೊತ್ತಾಯ್ತು ಮೇಡಂ," ಎಂದು ಸುರುಳಿ ಕೂಗಿ ಹೇಳಿದಳು, ಕೈ ಬಿಡಿಸಿಕೊಳ್ಳದೆ. "ಈಗ ಬಂದು ಬರೀತೀನಿ."