ಮೇಷ್ಟ್ರು ಕಂಡುಹಿಡಿದ ಶಾಸನ

"ಏಯ್! ಯಾರ್ರೀ ಅದು? ಇಳೀರಿ ಕೆಳಗೆ!"

ಓರಿಯಾನಳ ಕೂಗಿನ ರಭಸಕ್ಕೆ ಪೆಯ್ರೋಸ್ ಕೋಟೆಯ ಮುರುಕು ಬುರುಜಿನಿಂದ ಕಾಗೆಗಳೆಲ್ಲ ಒಟ್ಟಿಗೇ ಎದ್ದು ಹಾರಿದವು.

ಏಣಿಯ ಮೇಲಿದ್ದವನು ನಿಧಾನವಾಗಿ ತಿರುಗಿದ. ಕೈಯಲ್ಲಿ ಸುತ್ತಿಗೆ, ಗಡ್ಡದ ತುಂಬ ಸುಣ್ಣದ ಧೂಳು. ಗಾಳಿಗೆ ಹಾರಿಹೋಗದಂತೆ ಟೋಪಿಯನ್ನು ಒತ್ತಿ ಹಿಡಿದಿದ್ದ.

ಅವಳ ಕೈಯಲ್ಲಿದ್ದ ಬೀಗದ ಕೈ ಗೊಂಚಲು ಝಲ್ಲೆಂದು ಕಲ್ಲುಹಾಸಿನ ಮೇಲೆ ಬಿತ್ತು.

ಇವನಾ..? ಯಾವ ಮುಖ ಇಟ್ಕೊಂಡು ಬಂದ ಇಲ್ಲಿಗೆ!

"ನಮಸ್ಕಾರ, ಓರಿಯಾನ್," ಅಂದ ಗಿಲೆಮ್.

"ನನಗೆ ಮ್ಯಾಡಮ್ ಫಾಬ್ರೆಗ್ ಅಂತ ಹೆಸರಿದೆ, ಮಸ್ಯೂ ಕಬ್ರೋಲ್. ನಿಮ್ಮನ್ನ ಯಾರು ಬಿಟ್ಟಿದ್ದು ಒಳಗೆ?"

ಅವನು ಜೇಬಿನಿಂದ ಮೇಯರ್ ಸಹಿಯಿದ್ದ ಕಾಗದ ತೆಗೆದು ತೋರಿಸಿದ. ಫೆಬ್ರವರಿಯ ಗಾಳಿಗೆ ಬಿದ್ದುಹೋದ ಉತ್ತರದ ಗೋಡೆ ಕಟ್ಟುವ ಕೆಲಸ ಅವನಿಗೇ ಸಿಕ್ಕಿತ್ತು.

"ನೀವು ಪುರಾತತ್ವದ ವಿದ್ವಾಂಸರಲ್ವಾ? ಗಾರೆ ಕೆಲಸ ಯಾವಾಗಿಂದ?"

"ಒಂಬತ್ತು ವರ್ಷದಿಂದ," ಅಂದ ಅವನು. ಅವಳು ಮುಖ ತಿರುಗಿಸಿಕೊಂಡಳು.

ಒಂಬತ್ತು ವರ್ಷ! ಒಂದು ಕಾಲಕ್ಕೆ ಇದೇ ಗೋಡೆಯ ನೆರಳಲ್ಲಿ ಕೂತು ಬ್ರೆಡ್ಡು, ಮೇಕೆ ಚೀಸು ಹಂಚಿಕೊಂಡು ತಿಂದವರು ಅವರು. ಸೆಪ್ಟೆಂಬರಿನಲ್ಲಿ ಮದುವೆ ಅಂತ ಊರಿಗೆಲ್ಲ ಗೊತ್ತಿತ್ತು. ಅದು ಮುರಿದ ಮೇಲೆ ಅವಳು ಬೇರೆ ಯಾರನ್ನೂ ಮದುವೆಯಾಗಿರಲಿಲ್ಲ. ಈಗ ಅವಳ ಬಾಯಲ್ಲಿ ಅವನು 'ನೀವು'.

ಪೆಯ್ರೋಸ್ ಊರಿನಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ. ಓರಿಯಾನಳ ಅಪ್ಪ ಹೊನೋರೆ ಊರಿನ ಶಾಲೆಯ ಮೇಷ್ಟ್ರು. ಮೂವತ್ತು ವರ್ಷ, ಪ್ರತಿ ಭಾನುವಾರ, ಊರಿನವರನ್ನು ಕಟ್ಟಿಕೊಂಡು ಬೆಟ್ಟ ಹತ್ತಿ ಕೋಟೆಯ ಮುಳ್ಳುಪೊದೆ ಸವರಿದವರು. ಒಂದು ವರ್ಷ ಕಲ್ಲುಗಣಿಯ ಕಂಪನಿಯೊಂದು ಬೆಟ್ಟವನ್ನೇ ಒಡೆಯಲು ಬಂತು. ಆಗಲೇ ಮೇಷ್ಟ್ರಿಗೆ ಹಾಳು ಪ್ರಾರ್ಥನಾ ಮಂದಿರದ ಮಣ್ಣಿನಲ್ಲಿ ಆ ಶಾಸನ ಸಿಕ್ಕಿತು!

ಎಂಟುನೂರು ವರ್ಷಗಳ ಹಿಂದೆ ಉತ್ತರದ ದೊರೆಯ ಸೈನ್ಯ ಮುತ್ತಿಗೆ ಹಾಕಿದಾಗ, ಗಂಡ ಸತ್ತರೂ ಕೋಟೆ ಬಿಟ್ಟುಕೊಡದ ಒಡತಿ ಸೆರೇನಾ ಬರೆಸಿದ ಸಾಲು: 'ನಾನು ಬಾಗಿಲು ತೆರೆಯಲಿಲ್ಲ.'

ಪೇಪರಿನವರು ಓಡಿಬಂದರು. ಸರ್ಕಾರ ಕೋಟೆಯನ್ನು ರಕ್ಷಿತ ಸ್ಮಾರಕ ಅಂತ ಸಾರಿತು. ಗಣಿಯವರು ಗಂಟುಮೂಟೆ ಕಟ್ಟಿದರು. ಶಾಸನ ಪರೀಕ್ಷಿಸಲು ಬಂದ ವಿದ್ವಾಂಸನೇ ಗಿಲೆಮ್. ಎರಡು ಬೇಸಿಗೆ ಇಲ್ಲೇ ಉಳಿದ, ಓರಿಯಾನಳ ಮನಸ್ಸು ಗೆದ್ದ... ಆಮೇಲೊಂದು ದಿನ ಅವನ ವಶದಲ್ಲಿದ್ದ ಆ ಕಲ್ಲೇ ಮಾಯವಾಯಿತು.

'ಕಳೆದುಹೋಯಿತು,' ಅಂದ. ಅಷ್ಟೇ. ಒಂದು ವಿವರಣೆ ಇಲ್ಲ.

ಶ್ರೀಮಂತರಿಗೆ ಮಾರಿಕೊಂಡ ಅಂದಿತು ಊರು. ಅವನ ಕೆಲಸ ಹೋಯಿತು. ಸಂತೆಯಲ್ಲಿ ಎದುರಾದಾಗ ಓರಿಯಾನ್ ಎಲ್ಲರ ಮುಂದೆ ಅವನ ಮುಖಕ್ಕೆ ಉಗಿದಿದ್ದಳು. ಮೇಷ್ಟ್ರು ತೀರಿಕೊಂಡು ಈಗ ಎರಡು ವರ್ಷ. ಸಾಯುವವರೆಗೂ ಆ ಕಲ್ಲಿನ ಮಾತೆತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅಪ್ಪನಿಗೆ ಎಷ್ಟು ನೋವಾಗಿದೆ ಅಂದುಕೊಳ್ಳುತ್ತಿದ್ದಳು ಮಗಳು.

ಗೋಡೆಯ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಹಾಕುವುದು ಕೋಟೆಯ ಗೈಡ್ ಆಗಿದ್ದ ಓರಿಯಾನಳ ಕೆಲಸ. ಗಿಲೆಮ್ ಒಬ್ಬನೇ ದುಡಿಯುತ್ತಿದ್ದ. ಬಿದ್ದ ಕಲ್ಲಿನ ರಾಶಿಯಲ್ಲಿ ಅರ್ಧ, ಅಂಗಳದ ನೆಲದಡಿಯಲ್ಲಿದ್ದ ಹಳೆಯ ನೀರಿನ ತೊಟ್ಟಿಯೊಳಗೆ ಕುಸಿದಿತ್ತು.

"ತೊಟ್ಟಿಗೆ ಮಾತ್ರ ಇಳೀಬೇಡಿ," ಅಂದ ಒಂದು ದಿನ. "ಅಪಾಯ."

"ನಾನು ಹುಟ್ಟಿದಾಗಿನಿಂದ ಈ ಕೋಟೇಲಿ ಓಡಾಡಿದೀನಿ. ನೀವು ನನಗೆ ಹೇಳಿಕೊಡ್ತೀರಾ?"

"ದಯವಿಟ್ಟು."

ಆ 'ದಯವಿಟ್ಟು' ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತು. ಏನೋ ಇದೆ ಅಲ್ಲಿ!

ಮರುದಿನ ಅವನು ಊಟಕ್ಕೆ ಕೆಳಗೆ ಹೋದಾಗ ಏಣಿ ಹಾಕಿಕೊಂಡು ಇಳಿದೇಬಿಟ್ಟಳು.

ಒಳಗೆ ತಣ್ಣಗಿತ್ತು. ಬಿದ್ದ ಕಲ್ಲುಗಳನ್ನು ಅವನು ಒಂದು ಮೂಲೆಗೆ ಸರಿಸಿದ್ದ. ಇನ್ನೊಂದು ಮೂಲೆಯಲ್ಲಿ ಗೋಣಿತಾಟು. ಎಳೆದಳು.

ಶಾಸನ!

ಕಳ್ಳ... ಮಾರೋಕಾಗದೆ ಇಲ್ಲಿ ಬಚ್ಚಿಟ್ಟಿದ್ದಾನೆ! ಈಗ ತಗೊಂಡು ಹೋಗೋಕೆ ಬಂದಿದ್ದಾನೆ!

ಮಂಡಿಯೂರಿ, ಅಕ್ಷರಗಳ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದಳು. ಇಷ್ಟು ಹತ್ತಿರದಿಂದ ಅವಳು ಅದನ್ನು ಯಾವತ್ತೂ ನೋಡಿರಲಿಲ್ಲ. ಮೊದಲೆಲ್ಲ ಅದು ಗಾಜಿನ ಪೆಟ್ಟಿಗೆಯಲ್ಲಿರುತ್ತಿತ್ತು.

ಸೆರೇನಾ ಎಂಬ ಹೆಸರಿನ ನಡುವೆ ಒಂದು 'ಆರ್' ಅಕ್ಷರ. ಅದರ ಕಾಲು ಕೆಳಗೆ ಬಂದು, ಕೊನೆಯಲ್ಲಿ ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಸುತ್ತಿತ್ತು.

ಅವಳ ಬೆರಳು ಅಲ್ಲೇ ನಿಂತಿತು.

ಅಮ್ಮ ಇರೇನ್ ಸತ್ತಾಗ ಅಪ್ಪ ಒಂದು ಚಳಿಗಾಲವಿಡೀ ಕೂತು ತಾವೇ ಸಮಾಧಿಯ ಕಲ್ಲು ಕೆತ್ತಿದ್ದರು. ಅದರ ಮೇಲೂ ಇದೇ ಬಾಲ. ಶಾಲೆಯ ಬೋರ್ಡಿನ ಮೇಲೂ ಇದೇ ಬಾಲ. 'ಮೇಷ್ಟ್ರ ಬೆಕ್ಕು ಬಂತು!' ಅಂತ ಮಕ್ಕಳೆಲ್ಲ ನಗುತ್ತಿದ್ದೆವು...

ಅಯ್ಯೋ, ಅಪ್ಪಾ...

ಗಿಲೆಮ್ ವಾಪಸು ಬಂದಾಗ ಅವಳು ಆ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು.

"ಓರಿಯಾನ್! ಮೇಲೆ ಬಾ. ಆ ಕಮಾನು ಗಟ್ಟಿ ಇಲ್ಲ."

"ಇದನ್ನ ಕೆತ್ತಿದ್ದು ಯಾರು?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಾಯಿ ಬಿಡು, ಗಿಲೆಮ್! ಅಪ್ಪ ತಾನೇ?"

ಒಂಬತ್ತು ವರ್ಷಗಳ ಮೇಲೆ ಬಂದ ಆ ಏಕವಚನ ಇಬ್ಬರ ಗಮನಕ್ಕೂ ಬರಲಿಲ್ಲ. ಅವನು ಏಣಿಯಿಳಿದು ಎದುರಿಗೆ ಕುಸಿದು ಕೂತ.

"ನಿನಗೆ ಹೇಗೆ ಗೊತ್ತಾಯ್ತು?"

"ನಾನು ಅಕ್ಷರ ಕಲಿತಿದ್ದೇ ಅವರ ಕೈ ನೋಡಿ."

"ನನಗೆ ಉಳಿಯ ಗುರುತು ನೋಡಿ ಅನುಮಾನ ಬಂತು. ಹೊಸ ಉಳಿ. ಮೊದಲು ಅವರ ಹತ್ತಿರಾನೇ ಹೋಗಿ ಕೇಳಿದೆ. ಅಡುಗೆಮನೇಲಿ ಕೂತು ಮಗು ಥರ ಅತ್ತುಬಿಟ್ರು. ಗಣಿಯವರು ಮತ್ತೆ ಬರ್ತಾರೆ, ನನ್ನ ಕೋರ್ಟಿಗೆ ಎಳೀತಾರೆ, ಓರಿಯಾನ್ ಮುಖ ಹೇಗೆ ನೋಡಲಿ ಅಂದ್ರು. ಇಬ್ರೂ ಸೇರಿ ಇಲ್ಲಿಗೆ ಇಳಿಸಿದ್ವಿ."

"ಆಮೇಲೆ ಕಳೆದುಹೋಯ್ತು ಅಂದೆ."

"ಹೂಂ."

"ನಾನು ಸಂತೇಲಿ ನಿನಗೆ ಉಗಿದಾಗ ಅಪ್ಪ ಪಕ್ಕದಲ್ಲೇ ನಿಂತಿದ್ರು! ಬುಟ್ಟಿ ಹಿಡ್ಕೊಂಡು! ಆ ದಿನ ಮನೆಗೆ ಬರ್ತಾ ದಾರೀಲಿ ಏನಂದ್ರು ಗೊತ್ತಾ? 'ಈರುಳ್ಳಿ ತಗೊಳ್ಳೋದು ಮರೆತ್ವಲ್ಲ' ಅಂದ್ರು. ಅಷ್ಟೇ ಅಂದಿದ್ದು..."

ಅವಳು ನಗಲು ಹೋದಳು. ಗಂಟಲಿನಿಂದ ಬಂದದ್ದು ಬೇರೆಯೇ ಸದ್ದು.

ಗಿಲೆಮ್ ಕೈ ಚಾಚಿದ. ಅವಳು ಆ ಕೈಯನ್ನು ತಳ್ಳಿದಳು.

"ಮುಟ್ಟಬೇಡ! ನಿನಗೆ ದೊಡ್ಡ ತ್ಯಾಗ ಮಾಡಿದೆ ಅಂತ ಇದೆಯಾ? ನನಗೆ ಒಂದು ಮಾತು ಹೇಳಬೇಕು ಅಂತ ಅನ್ನಿಸಲೇ ಇಲ್ವಾ?"

"ನಿನ್ನ ಕಣ್ಣಲ್ಲಿ ಅಪ್ಪ ಸಣ್ಣವರಾಗಬಾರದು ಅಂತ..."

"ನನ್ನ ಕಣ್ಣು ನನ್ನದು! ನೀವಿಬ್ಬರು ಗಂಡಸರು ಅಡುಗೆಮನೇಲಿ ಕೂತು ನನ್ನ ಬದುಕನ್ನ ತೀರ್ಮಾನ ಮಾಡಿದ್ರಿ. ಆಗ ನನಗೆ ಮೂವತ್ತೆರಡು, ಗಿಲೆಮ್. ಮಕ್ಕಳು ಬೇಕು ಅಂತ ನಿನ್ನ ಹತ್ತಿರ ಎಷ್ಟು ಸಲ ಹೇಳಿದ್ದೆ... ಈಗ ನಲವತ್ತೊಂದು. ತ್ಯಾಗ ನೀನು ಮಾಡ್ದೆ, ಶಿಕ್ಷೆ ನನಗಾಯ್ತು."

ತನ್ನ ಕೆಲಸ ಹೋಗಿದ್ದನ್ನು, ಕಳ್ಳ ಅನ್ನಿಸಿಕೊಂಡಿದ್ದನ್ನು ಅವನು ಸಾವಿರ ಸಲ ನೆನೆದಿದ್ದ. ಅವಳ ಈ ಒಂಬತ್ತು ವರ್ಷದ ಲೆಕ್ಕ ಅವನ ತಲೆಗೆ ಬಂದಿರಲೇ ಇಲ್ಲ.

"ತಪ್ಪು ಮಾಡಿದೆ," ಅಂದ ಮೆಲ್ಲಗೆ.

"ಈಗ ಯಾಕೆ ಬಂದೆ?"

"ಗೋಡೆ ಈ ತೊಟ್ಟಿಯೊಳಗೆ ಬಿತ್ತು ಅಂತ ಗೊತ್ತಾಯ್ತು. ಬೇರೆ ಯಾರೋ ಅಗೆದ್ರೆ ಮೇಷ್ಟ್ರ ಹೆಸರು ಬೀದಿಗೆ ಬರುತ್ತೆ. ಸದ್ದಿಲ್ಲದೆ ತೆಗೆದು ಪುಡಿ ಮಾಡೋಣ ಅಂತ."

"ಅಂದ್ರೆ ಮತ್ತೆ ನನ್ನಿಂದ ಮುಚ್ಚಿಟ್ಟು!"

"...ಹೌದು."

"ಅಷ್ಟಕ್ಕೇ ಬಂದಿದ್ದಾ?"

"ನಿನ್ನ ನೋಡಬೇಕಿತ್ತು. ಬೈದ್ರೂ ಸರಿ, ಒಂದು ಸಲ..."

ಅವಳು ಗೋಣಿತಾಟನ್ನು ಮತ್ತೆ ಕಲ್ಲಿನ ಮೇಲೆ ಎಳೆದಳು. ಆಮೇಲೆ ಕೇಳಿದಳು: "ಹಾಗಾದ್ರೆ ನಿಜವಾಗಿ ಆಗಿದ್ದೇನು ಇಲ್ಲಿ? ಸೆರೇನಾ ಅನ್ನೋಳು ಇದ್ಳಾ?"

"ಇದ್ಳು. ಹಳೇ ಮಠದ ದಾಖಲೆಯಲ್ಲಿ ಅವಳ ಹೆಸರಿದೆ. ತೊಟ್ಟೀಲಿ ನೀರು ಬತ್ತಿತು. ನಾಲ್ಕನೇ ದಿನ ಅವಳೇ ಬಾಗಿಲು ತೆಗೆಸಿದ್ಳು. ಒಳಗೆ ಊರಿನ ನಲವತ್ತು ಮನೆಯವರಿದ್ರು. ಅವರನ್ನ ಜೀವಂತ ಬಿಡ್ತೀನಿ ಅಂತ ಶತ್ರು ಸೇನಾಪತಿ ಮಾತು ಕೊಟ್ಟಿದ್ದ. ಅವಳನ್ನ ಮಾತ್ರ ಕರೆದುಕೊಂಡು ಹೋದ್ರು. ಆಮೇಲೆ ಏನಾದ್ಳೋ, ಬರೆದಿಲ್ಲ."

ಓರಿಯಾನ್ ಆ ಕತ್ತಲು ತೊಟ್ಟಿಯ ಗೋಡೆಗಳನ್ನು ನೋಡಿದಳು. ನಲವತ್ತು ಮನೆ... ಊರಿನ ಅರ್ಧ ಜನ ಅವರ ಸಂತಾನವೇ ಇರಬೇಕು. ಹತ್ತು ಬೇಸಿಗೆ ಪ್ರವಾಸಿಗರ ಮುಂದೆ ನಿಂತು ಅವಳು ಹೇಳಿದ್ದೆಲ್ಲ ಅಪ್ಪ ಕಟ್ಟಿದ ಕಥೆ.

ಮೂರು ದಿನ ಅವಳು ಬೆಳಿಗ್ಗೆ ಬೀಗ ತೆಗೆದು ನೇರ ಮನೆಗೆ ಬಂದುಬಿಟ್ಟಳು. ನಾಲ್ಕನೇ ದಿನ ಸಮಾಧಿಯ ಹತ್ತಿರ ಹೋದಳು, ಅಪ್ಪನನ್ನು ಬಾಯಿಗೆ ಬಂದಂತೆ ಬೈಯಬೇಕು ಅಂತ. ಅಮ್ಮನ ಹೆಸರಿನ ಪಕ್ಕ ಅಪ್ಪನ ಹೆಸರು. ಬೈಗುಳ ಬರಲಿಲ್ಲ. ಒಣಗಿದ ಹೂವು ತೆಗೆದುಹಾಕಿ ಬಂದಳು.

ಭಾನುವಾರ ಊಟವಾದ ಮೇಲೆ, ಕೋಟೆ ನೋಡಿಕೊಳ್ಳಲು ಊರಿನವರು ಕಟ್ಟಿದ್ದ ಸಂಘದ ಸಭೆ. ಹೊಸ ಗೋಡೆಗೆ ಮೇಷ್ಟ್ರ ಹೆಸರಿಡುವ ಮಾತಿಗೆ ಅಂತ ಎಲ್ಲರೂ ಬಂದಿದ್ದರು. ಬಾಗಿಲ ಹತ್ತಿರ ಗಿಲೆಮ್ ಅವಳನ್ನು ತಡೆದ.

"ಬೇಡ, ಓರಿಯಾನ್. ಸತ್ತವರನ್ನ ಬಿಟ್ಟುಬಿಡು."

"ಬದುಕಿರೋ ನಿನ್ನ ಏನು ಮಾಡಲಿ?"

ಒಳಗೆ ಹೋಗಿ ಎದ್ದುನಿಂತು ಎಲ್ಲವನ್ನೂ ಹೇಳಿದಳು. ಕಲ್ಲು, ಉಳಿ, ತೊಟ್ಟಿ. ಅಪ್ಪ ಬೆಟ್ಟ ಉಳಿಸಲು ಸುಳ್ಳು ಹೇಳಿದ್ದು, ಆ ಸುಳ್ಳು ಉಳಿಸಲು ಗಿಲೆಮ್ ಕಳ್ಳನಾಗಿದ್ದು. ಸೆರೇನಾ ಬಾಗಿಲು ತೆಗೆಸಿದ್ದು.

ಆಮೇಲೆ ಎಂಬತ್ತರ ಮುದುಕ ಫುಲ್ಕ್ರಾನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಮೇಷ್ಟ್ರ ಜೀವದ ಗೆಳೆಯ, ದ್ರಾಕ್ಷಿತೋಟದ ರೈತ.

"ನೀನು ಹೊನೋರೆಯ ಮಗಳಾ? ಹೆತ್ತವನ ಸಮಾಧಿ ಮೇಲೆ ಉಗುಳಿದೆಯಲ್ಲೇ!"

"ಫುಲ್ಕ್ರಾನ್, ನಾನು ಒಂದು ಸಲ ಉಗುಳಿದ್ದೆ. ತಪ್ಪು ಮನುಷ್ಯನ ಮೇಲೆ."

"ಸತ್ಯ, ಸತ್ಯ! ಗಣಿಯವರು ಮತ್ತೆ ಬಂದ್ರೆ ನಿನ್ನ ಸತ್ಯ ಅಡ್ಡ ನಿಲ್ಲುತ್ತಾ?"

ಅವತ್ತೇ ಸಂಘದವರು ಅವಳಿಂದ ಬೀಗದ ಕೈ ವಾಪಸು ಪಡೆದರು. ಕೋಟೆ ಬಾಗಿಲಿನಲ್ಲಿದ್ದ ಮೇಷ್ಟ್ರ ಹೆಸರಿನ ಫಲಕವನ್ನು ಫುಲ್ಕ್ರಾನ್ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ತಾನೇ ಮೊಳೆ ಬಿಚ್ಚಿ, ಕೋಟಿನೊಳಗೆ ಇಟ್ಟುಕೊಂಡು, ಕಣ್ಣೊರೆಸಿಕೊಳ್ಳುತ್ತಾ ಬೆಟ್ಟ ಇಳಿದ. ಅಧಿಕಾರಿಗಳು ಬಂದರು, ಕಲ್ಲು ತಗೊಂಡು ಹೋದರು, ತನಿಖೆ ಮುಗಿಯುವವರೆಗೆ ಗೋಡೆ ಕಟ್ಟುವವನನ್ನು ಬಿಟ್ಟು ಕೋಟೆಗೆ ಯಾರೂ ಬರಬಾರದು ಅಂದರು.

ಗಿಲೆಮ್ ನಿರಪರಾಧಿ ಅಂತ ಪೇಪರಿನಲ್ಲಿ ಬಂತು. ಕಳ್ಳತನದ ಸುದ್ದಿ ಅಂದು ಮೊದಲ ಪುಟದ ತುಂಬ ಬಂದಿತ್ತು. ಇದು ಒಳಪುಟದಲ್ಲಿ ನಾಲ್ಕು ಸಾಲು, ಟ್ರ್ಯಾಕ್ಟರ್ ಜಾಹೀರಾತಿನ ಕೆಳಗೆ.

ಮೇ ತಿಂಗಳಲ್ಲಿ ಗೋಡೆಯ ಕೆಲಸ ಮುಗಿಯಿತು. ಬೆಟ್ಟದ ಬುಡದಲ್ಲಿ ಗಿಲೆಮ್ ವ್ಯಾನಿಗೆ ಸಾಮಾನು ತುಂಬುತ್ತಿದ್ದಾಗ ಓರಿಯಾನ್ ಬಂದಳು. ಊರಿನಲ್ಲಿ ಅವಳೊಂದಿಗೆ ಮಾತಾಡುವವರು ಈಗ ಬೆರಳೆಣಿಕೆಯಷ್ಟು. ಮುಖ ಇಳಿದಿತ್ತು.

"ಮುಂದೆ ಎಲ್ಲಿಗೆ?"

"ಓವೆರ್ನ್ ಕಡೆ ಒಂದು ಚರ್ಚಿನ ಗಂಟೆಗೋಪುರ. ಆರು ತಿಂಗಳ ಕೆಲಸ."

ಅವಳು ವ್ಯಾನಿನ ಬಾಗಿಲಿಗೆ ಒರಗಿ ನಿಂತಳು.

"ನಾನು ನಿನ್ನ ಕ್ಷಮಿಸಿಲ್ಲ."

"ಗೊತ್ತು."

"ಅಪ್ಪನ್ನೂ ಕ್ಷಮಿಸಿಲ್ಲ. ಪ್ರಯತ್ನ ಪಟ್ಟೆ. ಆಗ್ತಿಲ್ಲ... ಮುಂದೆ ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಹೂಂ."

"ನಿನ್ನ ಪ್ರೀತಿಸ್ತಿದ್ದ ಆ ಹುಡುಗಿ ಈಗ ಇಲ್ಲ, ಗಿಲೆಮ್. ಹುಡುಕಬೇಡ."

"ಆ ಹುಡುಗನೂ ಇಲ್ಲ," ಅಂದ ಅವನು. ಕೈಯಲ್ಲಿದ್ದ ಗಾರೆ ಬಾಣಲಿಯನ್ನು ಕೆಳಗಿಟ್ಟ. "ಒಬ್ಬ ಗಾರೆ ಮೇಸ್ತ್ರಿ ಉಳಿದಿದ್ದಾನೆ. ಚಳಿಗಾಲದಲ್ಲಿ ಸೊಂಟ ಹಿಡ್ಕೊಳ್ಳುತ್ತೆ. ರಾತ್ರಿ ಗೊರಕೆ ಹೊಡೀತಾನೆ. ನಿನ್ನ ಪ್ರೀತಿಸ್ತಾನೆ. ಒಂದು ದಿನಾನೂ ಪ್ರೀತಿಸೋದು ಬಿಟ್ಟಿಲ್ಲ."

ಓರಿಯಾನ್ ಅವನ ಒರಟು ಬೆರಳುಗಳನ್ನು ನೋಡಿದಳು. ಆಮೇಲೆ ವ್ಯಾನಿನ ಮುಂದಿನ ಸೀಟಿನಲ್ಲಿ ಬಿದ್ದಿದ್ದ ಅವನ ಕೋಟನ್ನು ಎತ್ತಿ ಹಿಂದಕ್ಕೆ ಎಸೆದು, ಅಲ್ಲಿ ಕೂತಳು.

"ಆ ಮೇಸ್ತ್ರಿ ನನಗೆ ಸುಳ್ಳು ಹೇಳ್ತಾನಾ?"

"ಇಲ್ಲ."

"ನನ್ನ ಒಳ್ಳೇದಕ್ಕೆ ಅಂತಾನೂ?"

"ನಿನ್ನ ಒಳ್ಳೇದಕ್ಕೆ ಅಂತಾನೂ ಇಲ್ಲ."

"ಸರಿ," ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ನೀನೂ ಹತ್ತು. ನಿಧಾನಕ್ಕೆ ಓಡಿಸು."